ಡೆಲ್ಟಾ ಮರಳಿನ ಲಾಗ್: ರೆಸಿಸ್ಟಿವಿಟಿ ಕಡಿಮೆ ಬಂದ ಮಾತ್ರಕ್ಕೆ ಪದರ ಬಿಡಬೇಡಿ

ಹಾಸನದ ನೆಲದಡಿ ಇರುವುದು 300 ಕೋಟಿ ವರ್ಷಕ್ಕೂ ಹಳೆಯ ನೈಸ್ ಬಂಡೆ. ಇಲ್ಲಿ ತೈಲ ಸಿಗದು. ಆದರೆ ಡೆಲ್ಟಾ ಕಟ್ಟುವ ಬಗೆ ನೋಡಲು ಬೇಸಿಗೆಯಲ್ಲಿ ಹೇಮಾವತಿ ಹಿನ್ನೀರಿನ ಅಂಚಿಗೆ ಹೋದರೆ ಸಾಕು. ಹೊಳೆ ನಿಂತ ನೀರಿಗೆ ಸೇರುವಲ್ಲಿ ಓಟ ಕಳೆದುಕೊಳ್ಳುತ್ತದೆ. ದಪ್ಪ ಮರಳು ಅಲ್ಲೇ ಕೂರುತ್ತದೆ, ಜೇಡಿ ಮುಂದೆ ಸಾಗಿ ನಿಧಾನಕ್ಕೆ ತಳ ಸೇರುತ್ತದೆ. ಆಂಧ್ರ ಕರಾವಳಿಯ ಕೃಷ್ಣಾ–ಗೋದಾವರಿ ತೈಲ ಬೇಸಿನ್ನಿನ ಹಳೆಯ ಡೆಲ್ಟಾ ಮರಳನ್ನೂ ಇದೇ ಕಣ್ಣಿನಿಂದ ಓದಬೇಕು. ಓದುವುದು ಲಾಗ್‌ನಲ್ಲಿ, ಅಂದರೆ ಬಾವಿಯೊಳಗೆ ಉಪಕರಣ ಇಳಿಸಿ ಆಳದುದ್ದಕ್ಕೂ ಪಡೆದ ಅಳತೆಯ ಗೆರೆಗಳಲ್ಲಿ.

ಮೊದಲು ಗಾಮಾ ರೇ ಗೆರೆಯ ಆಕಾರ ನೋಡಿ. ಇದು ಬಂಡೆಯ ಸಹಜ ವಿಕಿರಣದ ಅಳತೆ; ಜೇಡಿಯಲ್ಲಿ ಹೆಚ್ಚು, ಮರಳಿನಲ್ಲಿ ಕಡಿಮೆ. ಡೆಲ್ಟಾ ಕಡಲಿನತ್ತ ಬೆಳೆದಂತೆ ಜೇಡಿಯ ಮೇಲೆ ಮರಳು ಬರುತ್ತದೆ, ಹಾಗಾಗಿ ಮೇಲಕ್ಕೆ ಹೋದಷ್ಟೂ ಗಾಮಾ ಇಳಿಯುತ್ತದೆ: ಲಾಳಿಕೆಯ ಆಕಾರ. ನದಿಯ ಕವಲು ತುಂಬಿದ ಮರಳಿನದು ಗಂಟೆಯ ಆಕಾರ. ತಳ ಚೂಪಾಗಿ ಕತ್ತರಿಸಿದಂತಿರುತ್ತದೆ. ಒಂದು ಎಚ್ಚರಿಕೆ: ನಮ್ಮ ಊರಿನ ಗ್ರಾನೈಟಿನಲ್ಲಿರುವಂಥ ಪೊಟ್ಯಾಶಿಯಂ ಫೆಲ್ಡ್‌ಸ್ಪಾರ್ ಮರಳಿನಲ್ಲಿ ಬೆರೆತಿದ್ದರೆ ಶುದ್ಧ ಮರಳೂ ಶೇಲ್‌ನಂತೆ (ಜೇಡಿ ಗಟ್ಟಿಯಾದ ಕಲ್ಲು) ಕಾಣುತ್ತದೆ. ನ್ಯೂಟ್ರಾನ್–ಡೆನ್ಸಿಟಿ ಜೋಡಿಯನ್ನು (ಬಂಡೆಯ ಹೈಡ್ರೋಜನ್ ಮತ್ತು ಸಾಂದ್ರತೆ ತಿಳಿಸುವ ಎರಡು ಲಾಗ್) ಪಕ್ಕದಲ್ಲಿಟ್ಟು ನೋಡಿ.

ಮರಳಿನ ಕಣದ ಡೆನ್ಸಿಟಿ 2.65, ನೀರಿನದು 1.0 (ಗ್ರಾಂ/ಘನ ಸೆಂ.ಮೀ). ಲಾಗ್‌ನಲ್ಲಿ ಡೆನ್ಸಿಟಿ 2.32 ಬಂದರೆ (2.65−2.32)÷(2.65−1.0), ಅಂದರೆ ಪೊರಾಸಿಟಿ (ಬಂಡೆಯಲ್ಲಿ ರಂಧ್ರಗಳ ಪಾಲು) 20%. ಬಾವಿಯ ಗೋಡೆ ಕುಸಿದ ಕಡೆ ಈ ಲೆಕ್ಕ ಉಬ್ಬುತ್ತದೆ, ಆದ್ದರಿಂದ ಬಾವಿಯ ಅಗಲ ತೋರಿಸುವ ಕ್ಯಾಲಿಪರ್ ಲಾಗ್ ನೋಡದೆ ನಂಬಬೇಡಿ.

ಇನ್ನು ರೆಸಿಸ್ಟಿವಿಟಿ, ಅಂದರೆ ವಿದ್ಯುತ್ ಹರಿವಿಗೆ ಬಂಡೆ ಒಡ್ಡುವ ತಡೆ. ರಂಧ್ರಗಳಲ್ಲಿ ಉಪ್ಪುನೀರಿದ್ದರೆ ಅದು ಕಡಿಮೆ, ತೈಲವಿದ್ದರೆ ಹೆಚ್ಚು. ಇದರಿಂದ ರಂಧ್ರಗಳಲ್ಲಿನ ನೀರಿನ ಪಾಲು ತೆಗೆಯುವುದು ಆರ್ಚಿಯ ಸೂತ್ರ (1942): ನೀರಿನ ಪಾಲಿನ ವರ್ಗ = ನೀರಿನ ರೆಸಿಸ್ಟಿವಿಟಿ ÷ (ಪೊರಾಸಿಟಿಯ ವರ್ಗ × ಪದರದ ರೆಸಿಸ್ಟಿವಿಟಿ). ಪೊರಾಸಿಟಿ 20%, ನೀರಿನ ರೆಸಿಸ್ಟಿವಿಟಿ 0.1 ಓಮ್-ಮೀಟರ್, ಪದರದ್ದು 20 ಆದರೆ ನೀರು 35%, ಉಳಿದದ್ದು ತೈಲ ಅಥವಾ ಅನಿಲ.

ಎಡವುವುದು ತೆಳು ಪದರಗಳಲ್ಲಿ. ಬೆರಳಗಲದ ಮರಳು, ಬೆರಳಗಲದ ಶೇಲ್ ಒಂದರ ಮೇಲೊಂದು ಇದ್ದರೆ ರೆಸಿಸ್ಟಿವಿಟಿ ಅಳೆಯುವ ಇಂಡಕ್ಷನ್ ಉಪಕರಣಕ್ಕೆ ಅವು ಬೇರೆ ಬೇರೆಯಾಗಿ ಕಾಣುವುದಿಲ್ಲ. ನೆಟ್ಟಗಿನ ಬಾವಿಯಲ್ಲಿ ವಿದ್ಯುತ್ ಪದರದ ಗುಂಟ ಹರಿದು ಶೇಲ್‌ನ ಸುಲಭ ದಾರಿ ಹಿಡಿಯುತ್ತದೆ. ಮರಳಿನ ರೆಸಿಸ್ಟಿವಿಟಿ 50, ಶೇಲ್‌ನದು 2, ಎರಡೂ ಸಮಪಾಲು ಎಂದಿಟ್ಟುಕೊಳ್ಳಿ: ವಾಹಕತೆ (ರೆಸಿಸ್ಟಿವಿಟಿಯ ವಿಲೋಮ) 0.5÷50 + 0.5÷2 = 0.26. ಲಾಗ್ ತೋರಿಸುವುದು 3.85 ಓಮ್-ಮೀಟರ್ ಮಾತ್ರ! ಮರಳಿನ ಪೊರಾಸಿಟಿ 20% ಎಂದು ಅದನ್ನೇ ಆರ್ಚಿಗೆ ಹಾಕಿದರೆ ನೀರು 81%, ಪದರ ಕಸದ ಬುಟ್ಟಿಗೆ. ನಿಜಕ್ಕೂ ಮರಳಿನಲ್ಲಿರುವ ನೀರು 22%.

ಹಿಂದಕ್ಕೆ ಲೆಕ್ಕ ಹಾಕಿ ಮರಳಿನ ರೆಸಿಸ್ಟಿವಿಟಿ ಪಡೆಯಬಹುದು, ಆದರೆ ಶೇಲ್ ಪಾಲು ಎಷ್ಟು ನಿಖರ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಶೇಲ್ 50% ಬದಲು 48% ಎಂದುಕೊಂಡರೆ ಉತ್ತರ 50 ಓಮ್-ಮೀಟರ್‌ನಿಂದ 26ಕ್ಕೆ ಬೀಳುತ್ತದೆ. 52% ಎಂದರೆ ಮರಳಿನ ವಾಹಕತೆ ಸೊನ್ನೆಯಾಗಿ ಲೆಕ್ಕವೇ ಮುರಿಯುತ್ತದೆ. ಹಾಗಾಗಿ ಶೇಲ್ ಪಾಲನ್ನು ಗಾಮಾ ಒಂದರಿಂದಲೇ ತೆಗೆಯದೆ, ಕೋರ್ (ಬಾವಿಯಿಂದ ತೆಗೆದ ಬಂಡೆಯ ತುಂಡು) ಅಥವಾ ಇಮೇಜ್ ಲಾಗ್‌ನಲ್ಲಿ (ಬಾವಿ ಗೋಡೆಯ ಚಿತ್ರ) ಪದರಗಳನ್ನು ಅಳೆದು ಕೂಡಿಸಿ.