ಅಳಿಯನ ಕಾರಿಗೊಂದು ಉಕ್ಕಿನ ಪಂಜರ

ಉಸ್ತಾದ್ ಪೈಪನ್ನು ಎತ್ತಿ ಒಂದು ತುದಿಗೆ ಕಣ್ಣಿಟ್ಟು ನೋಡಿದರು. ಆಮೇಲೆ ಕಿರುಬೆರಳನ್ನು ಒಳಗೆ ತೂರಿಸಿ ಸುತ್ತಲೂ ಆಡಿಸಿದರು. ಒಂದು ಕಡೆ ಬೆರಳು ತಡೆಯಿತು. "ಇದರಾಗ ಗೇಟ್ ಮಾಡ್ರಿ, ದನದ ಕೊಟ್ಟಿಗಿ ಮಾಡ್ರಿ. ಜೀವ ಇಡಬ್ಯಾಡ್ರಿ" ಅಂದು ಪೈಪನ್ನು ಮೂಲೆಗೆ ಸರಿಸಿದರು.

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಒಂದು ವೆಲ್ಡಿಂಗ್ ಶೆಡ್ಡು. ಮೇ ತಿಂಗಳು, ಹೊರಗೆ 42 ಡಿಗ್ರಿ. ನನ್ನ ಅಕ್ಕನ ಮಗ ತನ್ನ ಹಳೇ ಸ್ವಿಫ್ಟ್ ಕಾರಿನ ಸೀಟು, ಕಾರ್ಪೆಟ್ಟು, ಬಾಗಿಲ ಪ್ಯಾಡು ಎಲ್ಲ ಕಿತ್ತು ತಂದು ನಿಲ್ಲಿಸಿದ್ದ. ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಹೋಗಬೇಕೆಂಬುದು ಅವನ ಆಸೆ. ಟ್ರ್ಯಾಕ್ ಡೇ ಅಂದರೆ ನಮ್ಮ ಕಾರನ್ನೇ ಒಯ್ದು, ದುಡ್ಡು ಕಟ್ಟಿ, ರೇಸ್ ಟ್ರ್ಯಾಕ್ ಮೇಲೆ ಮನಸಾರೆ ಓಡಿಸುವ ದಿನ. ಸ್ಪರ್ಧೆ ಇಲ್ಲ, ಬಹುಮಾನವೂ ಇಲ್ಲ. ಆದರೆ ಪಕ್ಕದಲ್ಲಿರುವ ಗೋಡೆ ಮಾತ್ರ ರೇಸಿನವರಿಗಿರುವ ಅದೇ ಗೋಡೆ. ಅದಕ್ಕೇ ಕಾರಿನೊಳಗೆ ರೋಲ್ ಕೇಜ್, ಅಂದರೆ ಉಕ್ಕಿನ ಕೊಳವೆಗಳ ಪಂಜರ, ಹಾಗೂ ಹೆಗಲಿಗೂ ಟೊಂಕಕ್ಕೂ ಬಿಗಿಯುವ ಹಾರ್ನೆಸ್ ಪಟ್ಟಿಗಳು ಬೇಕು ಅಂದ. ನಾನು ಎಷ್ಟೋ ವರ್ಷ ಭೌತಶಾಸ್ತ್ರ ಪಾಠ ಮಾಡಿದವನು. "ಮಾಮಾ, ನೀವು ಲೆಕ್ಕ ಅಷ್ಟೇ ನೋಡ್ರಿ" ಅಂತ ಎಳೆದುಕೊಂಡು ಬಂದಿದ್ದ.

ಉಸ್ತಾದ್ ಬೆರಳಿಗೆ ತಡೆದದ್ದು ಪೈಪಿನ ಜೋಡು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪೈಪನ್ನು ಉಕ್ಕಿನ ಪಟ್ಟಿಯನ್ನು ಸುರುಳಿ ಮಾಡಿ, ಅಂಚುಗಳನ್ನು ಬೆಸೆದು ಮಾಡುತ್ತಾರೆ. ನೀರು ಹರಿಯಲಿಕ್ಕೆ, ಚಪ್ಪರ ನಿಲ್ಲಿಸಲಿಕ್ಕೆ ಅದು ಧಾರಾಳ ಸಾಕು. ಆದರೆ ಕಾರು ಪಲ್ಟಿ ಹೊಡೆದು ಕೊಳವೆ ಒಮ್ಮೆಲೇ ಮಡಚಿಕೊಳ್ಳಲು ನೋಡುವಾಗ ಆ ಬೆಸುಗೆ ಗೆರೆ ಬಿರಿಯಬಹುದು. ಮೋಟಾರು ಕ್ರೀಡೆಯ ಜಾಗತಿಕ ಸಂಸ್ಥೆ ಎಫ್‌ಐಎ ಕೇಳುವುದು ಜೋಡೇ ಇಲ್ಲದ, ತಣ್ಣಗೆ ಎಳೆದು ಮಾಡಿದ ಇಂಗಾಲದ ಉಕ್ಕಿನ ಕೊಳವೆ. ಚಾಲಕನ ಬೆನ್ನ ಹಿಂದೆ ನಿಲ್ಲುವ ಮುಖ್ಯ ಕಮಾನಿಗೆ 45 ಮಿ.ಮೀ. ಅಗಲ, 2.5 ಮಿ.ಮೀ. ದಪ್ಪ. ಇಲ್ಲವೇ 50 ಅಗಲ, 2 ದಪ್ಪ. ಇನ್ನು ಜಿಐ ಪೈಪಂತೂ ಬೇಡವೇ ಬೇಡ. ಅದರ ಮೇಲಿನ ಸತುವು ವೆಲ್ಡಿಂಗ್ ಬಿಸಿಗೆ ಹೊಗೆಯಾಗಿ ಎದೆ ಸೇರಿದರೆ ರಾತ್ರಿ ಚಳಿಜ್ವರ ಬರುತ್ತದೆ.

"ಟೊಳ್ಳು ಯಾಕ ಮಾಮಾ? ಗಟ್ಟಿ ಸರಳು ಹಾಕಿದ್ರ ಇನ್ನೂ ಭದ್ರ ಅಲ್ಲೇನು?" ಅಂತ ಅಳಿಯ ಕೇಳಿದ. ಒಳ್ಳೇ ಪ್ರಶ್ನೆ. ಲೆಕ್ಕ ಮಾಡಿ ತೋರಿಸಿದೆ. 45 ಮಿ.ಮೀ. ಕೊಳವೆ ಮೀಟರಿಗೆ ಸುಮಾರು 2.6 ಕೆ.ಜಿ. ತೂಗುತ್ತದೆ. ಅಷ್ಟೇ ತೂಕದ ಗಟ್ಟಿ ಸರಳು ಮಾಡಿದರೆ ಅದರ ಅಗಲ 21 ಮಿ.ಮೀ. ಕೂಡ ಬರುವುದಿಲ್ಲ. ಬಾಗದೆ ನಿಲ್ಲುವ ಗುಣದಲ್ಲಿ ಕೊಳವೆ ಆ ಸರಳಿಗಿಂತ ಎಂಟು ಪಟ್ಟಿಗೂ ಜಾಸ್ತಿ ಬಿಗಿ. ಏನನ್ನಾದರೂ ಬಗ್ಗಿಸಿದಾಗ ಒಂದು ಬದಿ ಹಿಗ್ಗುತ್ತದೆ, ಎದುರು ಬದಿ ಕುಗ್ಗುತ್ತದೆ, ನಡುವಿನದು ಹೆಚ್ಚುಕಡಿಮೆ ಸುಮ್ನೆ ಇರುತ್ತದೆ. ಸುಮ್ನೆ ಇರುವ ಉಕ್ಕನ್ನು ಅಲ್ಲಿಂದ ತೆಗೆದು ಹೊರಗಿನ ಸುತ್ತಿಗೆ ತಂದರೆ ಅದು ದುಡಿಯುತ್ತದೆ. ಜೋಳದ ಕಣಿಕೆ ಮುರಿದು ನೋಡಿ. ಗಟ್ಟಿ ಇರುವುದೆಲ್ಲ ಹೊರಗಿನ ಸಿಪ್ಪೆಯಲ್ಲಿ, ಒಳಗೆ ಬರೀ ಬೆಂಡು. ಆಳೆತ್ತರ ಮೀರಿ ಬೆಳೆದು, ತೆನೆ ಹೊತ್ತು, ಗಾಳಿಗೆ ತೂಗಾಡಿಯೂ ನಿಂತಿರುತ್ತದೆ.

ಆದರೆ ಕೊಳವೆಗೆ ಒಂದು ಕೆಟ್ಟ ಗುಣ ಉಂಟು. ಬಗ್ಗಿಸುವಾಗ ತಿರುವು ಬಿಗಿಯಾದರೆ ಒಳಬದಿ ಸುಕ್ಕಾಗಿ ಚಪ್ಪಟೆಯಾಗುತ್ತದೆ. ಒಮ್ಮೆ ಚಪ್ಪಟೆಯಾದರೆ ಅಲ್ಲೇ ಮುರಿಯುತ್ತದೆ. ಅದಕ್ಕೇ ತಿರುವಿನ ತ್ರಿಜ್ಯ ಕೊಳವೆಯ ಅಗಲದ ಮೂರು ಪಟ್ಟಾದರೂ ಇರಬೇಕು ಎಂಬ ನಿಯಮ. ಮರಳು ತುಂಬಿ, ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಬಗ್ಗಿಸುವ ಹಳೇ ಉಪಾಯ ಇಲ್ಲಿ ನಡೆಯುವುದಿಲ್ಲ. ಕಾಯಿಸಿದರೆ, ತಣ್ಣಗೆ ಎಳೆದಾಗ ಉಕ್ಕಿಗೆ ಬಂದ ಬಲ ಇಳಿದುಹೋಗುತ್ತದೆ.

ಮರುದಿನ ಉಸ್ತಾದ್ ನನಗೇ ಒಂದು ಪಾಠ ಮಾಡಿದರು. ಕಿಟಕಿ ಗ್ರಿಲ್ಲಿನ ನಾಲ್ಕು ಪಟ್ಟಿ ತುಂಡು ತೆಗೆದುಕೊಂಡು, ಮೂಲೆಗೆ ಒಂದೊಂದೇ ಬೋಲ್ಟು ಹಾಕಿ ಚೌಕ ಮಾಡಿದರು. ಎರಡು ಬೆರಳಿನಿಂದ ನೂಕಿದರು. ಚೌಕ ವಾಲಿಕೊಂಡು ಮಲಗಿತು. ಐದನೇ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಅಡ್ಡ ಬಿಗಿದು ನನ್ನ ಕೈಗೆ ಕೊಟ್ಟರು. ನೂಕಿದೆ, ಅಲ್ಲಾಡಲಿಲ್ಲ. ತ್ರಿಕೋನದ ಮೂರು ಬದಿಗಳ ಉದ್ದ ಬದಲಾಗದೆ ಅದರ ಆಕಾರ ಬದಲಾಗಲಾರದು. ನಾಲ್ಕು ಬದಿಯದಕ್ಕೆ ಆ ಗುಣ ಇಲ್ಲ. ಹಾಗಾಗಿ ಪಂಜರದಲ್ಲಿ ಕಾಣುವ ಓರೆ ಕೊಳವೆಗಳು ಅಲಂಕಾರಕ್ಕಲ್ಲ. ಅಡ್ಡ ಕೊಳವೆ ಇಲ್ಲದ ಪಂಜರವನ್ನು ಅಂದಕ್ಕೆ ಹಾಕಿಸಿಕೊಂಡವರನ್ನು ನಾನು ಮೊಬೈಲಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಅದು ಬಟ್ಟೆ ಒಣಗಿಸುವ ಸ್ಟ್ಯಾಂಡು, ಅಷ್ಟೇ.

ಪಂಜರ ಎಷ್ಟೇ ಗಟ್ಟಿ ಇರಲಿ, ಅದರ ಕಾಲು ಊರುವುದು ಕಾರಿನ ತಳದ ತಗಡಿನ ಮೇಲೆ. ಆ ತಗಡು ಒಂದು ಮಿ.ಮೀ. ಕೂಡ ದಪ್ಪ ಇರುವುದಿಲ್ಲ. ಮಳೆಗಾಲದಲ್ಲಿ ಎರೆ ಹೊಲದ ಪಕ್ಕ ಟೈರು ಪಂಕ್ಚರ್ ಆದವರಿಗೆ ಇದು ಗೊತ್ತು. ಜಾಕ್ ಏರಿಸಿದಷ್ಟೂ ಮಣ್ಣಿನಲ್ಲಿ ಇಳಿಯುತ್ತದೆ, ಕಾರು ಮೇಲೇಳುವುದಿಲ್ಲ. ಕೆಳಗೊಂದು ಶಹಾಬಾದ್ ಕಲ್ಲಿನ ಪರ್ಸಿ ತುಂಡು ಇಟ್ಟರೆ ಏಳುತ್ತದೆ. ಪಂಜರದ ಕಾಲಿಗೂ ಇದೇ ಉಪಾಯ. ಕೊಳವೆಯ ಬಾಯಿಯ ಉಕ್ಕು ಬರೀ 3.3 ಚದರ ಸೆಂ.ಮೀ. ಅದರ ಕೆಳಗೆ ಕಡಿಮೆ ಎಂದರೆ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ಪ್ಲೇಟು ಇರಬೇಕು. ಭಾರ 36 ಪಟ್ಟು ಜಾಗಕ್ಕೆ ಹಂಚಿಹೋಗುತ್ತದೆ. ಇಲ್ಲದಿದ್ದರೆ ಪಲ್ಟಿಯಾದಾಗ ಪಂಜರ ಮುರಿಯದೇ ಇರಬಹುದು, ಆದರೆ ತಳವನ್ನು ತೂತು ಮಾಡಿ ಹೊರಗೆ ಇಳಿಯುತ್ತದೆ, ಕಾರಿನ ಮಾಡು ತಲೆಯ ಮೇಲೆ ಬರುತ್ತದೆ.

ವೆಲ್ಡಿಂಗ್ ವಿಷಯದಲ್ಲಿ ಉಸ್ತಾದರ ಶಿಸ್ತು ನನಗೆ ತುಂಬ ಹಿಡಿಸಿತು. ಒಂದು ಕೊಳವೆ ಇನ್ನೊಂದಕ್ಕೆ ಸೇರುವಲ್ಲಿ ತುದಿಯನ್ನು ಮೀನಿನ ಬಾಯಿಯ ಹಾಗೆ ಕೊರೆದು, ಮತ್ತೊಂದನ್ನು ತಬ್ಬಿಕೊಂಡು ಕೂರುವಂತೆ ಮಾಡಬೇಕು. ಸಂದಿ ಉಳಿಸಿ ಅದರಲ್ಲಿ ವೆಲ್ಡಿಂಗ್ ರಾಡ್ ಕರಗಿಸಿ ತುಂಬುವುದು ಹುಳುಕು ಹಲ್ಲಿಗೆ ಸುಣ್ಣ ಮೆತ್ತಿದ ಹಾಗೆ. ಅಳಿಯನ ಗೆಳೆಯನೊಬ್ಬ ದೊಡ್ಡ ಊರಿನ ಯಾವುದೋ ಗ್ಯಾರೇಜಿನಲ್ಲಿ ಪಂಜರ ಹಾಕಿಸಿಕೊಂಡು ಬಂದಿದ್ದ. ಪೇಂಟು ಥಳಥಳ ಹೊಳೆಯುತ್ತಿತ್ತು. ಉಸ್ತಾದ್ ಏನೂ ಮಾತಾಡದೆ ಗೋಡೆಗೆ ತೂಗುಹಾಕಿದ್ದ ಗಡ್ಡ ಬೋಳಿಸುವ ಕನ್ನಡಿ ತೆಗೆದುಕೊಂಡು, ಕೊಳವೆಗೂ ಮಾಡಿಗೂ ನಡುವಿನ ಎರಡು ಬೆರಳು ಸಂದಿಯಲ್ಲಿ ತೂರಿಸಿ ಟಾರ್ಚು ಬಿಟ್ಟರು. ನಾವೂ ಬಗ್ಗಿ ನೋಡಿದೆವು. ಕೆಳಗಿನಿಂದ ಚೆಂದದ ಬೆಸುಗೆ. ಮೇಲ್ಬದಿಗೆ ಏನೂ ಇಲ್ಲ, ಬರೀ ಕಪ್ಪು ಗೆರೆ. ಅಲ್ಲಿಗೆ ವೆಲ್ಡಿಂಗ್ ಗನ್ನು ಹೋಗುವುದಿಲ್ಲ, ಅದಕ್ಕೇ ಬಿಟ್ಟಿದ್ದಾರೆ. ಆ ಹುಡುಗನ ಮುಖ ನೋಡಲಾಗಲಿಲ್ಲ.

ಹಾಗಾದರೆ ಮೇಲ್ಬದಿ ಬೆಸೆಯುವುದು ಹೇಗೆ? ಕಾಲೂರುವ ಜಾಗದಲ್ಲಿ ತಳದ ತಗಡನ್ನೇ ಕೊರೆದು, ಪಂಜರವನ್ನು ಅರ್ಧ ಅಡಿ ಕೆಳಗೆ ಇಳಿಸಿಬಿಡುತ್ತಾರೆ. ಮಾಡಿಗೂ ಕೊಳವೆಗೂ ನಡುವೆ ಕೈ ಆಡುವಷ್ಟು ಜಾಗ ಆಗುತ್ತದೆ. ಸುತ್ತಲೂ ಬೆಸೆದು, ಪಂಜರ ಎತ್ತಿ, ತೂತಿನ ಮೇಲೆ ಪ್ಲೇಟು ಕೂರಿಸಿ ಮುಚ್ಚುತ್ತಾರೆ. ಇದಕ್ಕೆ ಒಂದು ದಿನ ಜಾಸ್ತಿ ಬೇಕು. ಆ ಒಂದು ದಿನ ಉಳಿಸಿದವರ ಕೆಲಸ ಕನ್ನಡಿಯಲ್ಲಿ ಕಾಣುತ್ತದೆ.

ಪಂಜರ ನಿಂತಿತು. ಅಳಿಯನಿಗೆ ಖುಷಿಯೋ ಖುಷಿ. ನನಗೆ ಮಾತ್ರ ಚಿಂತೆ ಶುರುವಾದದ್ದು ಆಗಲೇ. ಒಂದು ಅಪಾಯ ಮುಚ್ಚಿದೆವು ಅನ್ನುವಷ್ಟರಲ್ಲಿ ಇನ್ನೊಂದನ್ನು ನಾವೇ ತಂದು ತಲೆಯ ಪಕ್ಕ ನಿಲ್ಲಿಸಿದ್ದೆವು. ಮೊದಲು ಅಲ್ಲಿದ್ದದ್ದು ಮೆತ್ತನೆ ಬಟ್ಟೆ, ಪ್ಲಾಸ್ಟಿಕ್ಕು. ಈಗ ಇರುವುದು ಉಕ್ಕು. ಹೆಲ್ಮೆಟ್ ಇಲ್ಲದೆ ಈ ಕಾರಿನಲ್ಲಿ ಸೂಪರ್ ಮಾರ್ಕೆಟ್‌ಗೆ ಹೋಗಿ ಬರುವುದೆಂದರೆ, ಸಣ್ಣ ಗುದ್ದಿಗೂ ತಲೆ ಕೊಳವೆಗೆ ಬಡಿಯುತ್ತದೆ. ಕಾನೂನೂ ಬಿಡುವುದಿಲ್ಲ. ನೋಂದಣಿಯಲ್ಲಿ ಇದ್ದ ಮೂಲ ರೂಪ ಬದಲಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿಯಾಗಿ ಹೇಳಿದೆ. ಹಾಗಾಗಿ ಈ ಕಾರು ಇನ್ನು ಲಾರಿಯ ಮೇಲೇ ಹೋಗಬೇಕು.

ಕೊಳವೆಗೆ ಸುತ್ತುವ ಮೆತ್ತೆಯಲ್ಲೂ ಮೋಸ ಉಂಟು. ಅಳಿಯ ಮೊದಲು ತಂದದ್ದು ಸೋಫಾದ ಸ್ಪಂಜು. ಬೆರಳಿನಿಂದ ಒತ್ತಿದೆ, ಉಕ್ಕು ತಾಗಿತು. ಹಾಗಿದ್ದ ಮೇಲೆ ತಲೆಗೂ ತಾಗುತ್ತದೆ, ಅಲ್ವಾ? ನಿಜವಾದ ಕೇಜ್ ಪ್ಯಾಡಿಂಗ್ ಹವಾಯಿ ಚಪ್ಪಲಿಗಿಂತ ಗಟ್ಟಿ. ಬೆರಳಿಗೆ ಬಗ್ಗುವುದಿಲ್ಲ, ಹೆಲ್ಮೆಟ್ ಜೋರಾಗಿ ಬಡಿದಾಗ ಮಾತ್ರ ನಿಧಾನವಾಗಿ ಕುಸಿಯುತ್ತದೆ.

ಇನ್ನು ಪಟ್ಟಿಗಳು. ಗಂಟೆಗೆ 60 ಕಿ.ಮೀ. ವೇಗದ ಕಾರು ಗೋಡೆಗೆ ಗುದ್ದಿ, ಮೂತಿ ಅರ್ಧ ಮೀಟರ್ ಮುದುಡಿ ನಿಂತಿತು ಅಂದುಕೊಳ್ಳಿ. ಸರಾಸರಿ 28 ಜಿ, ಅಂದರೆ ನಮ್ಮ ತೂಕದ 28 ಪಟ್ಟು ಬಲ. 70 ಕೆ.ಜಿ. ಮನುಷ್ಯನಿಗೆ ಅದು ಹತ್ತಿರ ಹತ್ತಿರ 20 ಕ್ವಿಂಟಾಲ್. ಎಪಿಎಂಸಿಯಲ್ಲಿ ಕ್ವಿಂಟಾಲಿನ 20 ತೊಗರಿ ಚೀಲ ಪೇರಿಸಿದರೆ ಎಷ್ಟಾಗುತ್ತದೋ ಅಷ್ಟು ಭಾರವನ್ನು ಆ ಕ್ಷಣ ಪಟ್ಟಿಗಳು ಹಿಡಿಯಬೇಕು. ಪಟ್ಟಿ ಸಡಿಲ ಇದ್ದರೆ ಇನ್ನೂ ಕೆಟ್ಟದ್ದು. ಲಾರಿಯಲ್ಲಿ ಹಗ್ಗ ಬಿಗಿಯದ ಚೀಲಗಳನ್ನು ನೋಡಿದ್ದೀರಲ್ಲ. ಲಾರಿ ನಿಂತ ಮೇಲೂ ಚೀಲ ಓಡುತ್ತಲೇ ಇರುತ್ತದೆ, ಕ್ಯಾಬಿನ್ನಿಗೆ ಬಡಿದ ಮೇಲೇ ನಿಲ್ಲುವುದು. ಬಿಗಿದ ಚೀಲ ಲಾರಿಯ ಜೊತೆಗೇ ನಿಧಾನವಾಗುತ್ತದೆ. ಕಾರಿನ ಮೂತಿ ಮುದುಡುವ ಆ ಅರ್ಧ ಮೀಟರ್ ನಮಗೂ ಸಿಗಬೇಕಾದರೆ ನಾವು ಕಾರಿಗೆ ಅಂಟಿಕೊಂಡಿರಬೇಕು.

ಸರಿಯಾಗಿ ಕಟ್ಟಿದರೆ ಮನುಷ್ಯನ ಮೈ ಎಷ್ಟು ತಾಳುತ್ತದೆ ಎಂಬುದನ್ನು ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಸ್ಟ್ಯಾಪ್ ತನ್ನ ಮೈ ಮೇಲೇ ಪರೀಕ್ಷೆ ಮಾಡಿದ. 1954ರ ಡಿಸೆಂಬರ್ 10ರಂದು ರಾಕೆಟ್ ಕಟ್ಟಿದ ಬಂಡಿಯಲ್ಲಿ ಕೂತು ಗಂಟೆಗೆ 1,000 ಕಿ.ಮೀ. ದಾಟಿ, 1.4 ಸೆಕೆಂಡಿನಲ್ಲಿ ನಿಂತ. ಬಲ 46 ಜಿ ಮುಟ್ಟಿತು. ಕಣ್ಣಿನ ರಕ್ತನಾಳ ಒಡೆದವು, ಆದರೆ ಬದುಕಿದ. ಅವನು ತೀರಿಕೊಂಡದ್ದು 1999ರಲ್ಲಿ, 89ನೇ ವಯಸ್ಸಿನಲ್ಲಿ.

ಆ ಬಲ ಮೈಯ ಯಾವ ಭಾಗದ ಮೇಲೆ ಬೀಳುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಹೆಣ್ಣುಮಕ್ಕಳು ನೀರಿನ ಕೊಡವನ್ನು ಟೊಂಕದ ಮೂಳೆಯ ಮೇಲೆ ಕೂರಿಸಿಕೊಳ್ಳುತ್ತಾರೆ, ಹೊಟ್ಟೆಯ ಮೇಲಲ್ಲ. ಸೊಂಟದ ಪಟ್ಟಿಯೂ ಹಾಗೆಯೇ. ಅದು ಹೊಟ್ಟೆಯ ಮೇಲೆ ಜಾರಿದರೆ ಒಳಗಿನ ಕರುಳು ಹಿಸುಕುತ್ತದೆ. ಅದು ಮೇಲೆ ಜಾರುವುದು ಹೇಗೆಂದರೆ, ಹೆಗಲಿನ ಪಟ್ಟಿ ಬಿಗಿಯುವಾಗ ನಡುವಿನ ಬಕಲನ್ನು ಎಳೆದುಬಿಡುತ್ತದೆ. ಆ ಬಕಲನ್ನು ಕೆಳಗೆ ಹಿಡಿದಿಡಲು ಕಾಲ ನಡುವಿನಿಂದ ಬರುವ ಪಟ್ಟಿ ಬೇಕು. ಕೂತಾಗ ಮೊದಲು ಸೊಂಟದ್ದು, ಆಮೇಲೆ ಹೆಗಲಿನದು ಬಿಗಿಯಬೇಕು ಎನ್ನುವುದೂ ಇದಕ್ಕೇ. ಹೆಗಲಿನ ಪಟ್ಟಿ ಹಿಂದಕ್ಕೆ ಹೆಚ್ಚುಕಡಿಮೆ ಮಟ್ಟವಾಗಿ ಹೋಗಬೇಕು, 45 ಡಿಗ್ರಿಗಿಂತ ಜಾಸ್ತಿ ಇಳಿಯಲೇಬಾರದು. ಕಡಿದಾಗಿ ನೆಲಕ್ಕೆ ಎಳೆದು ಕಟ್ಟಿದರೆ ಗುದ್ದಿದಾಗ ಹೆಗಲನ್ನು ಕೆಳಗೆ ಒತ್ತುತ್ತದೆ, ಬೆನ್ನುಮೂಳೆ ಚೀಲದ ಕೆಳಗಿನ ಹಪ್ಪಳ ಆಗುತ್ತದೆ.

ಇಷ್ಟೆಲ್ಲ ಮಾಡಿ ಮೈ ಕಟ್ಟಿಹಾಕಿದ ಮೇಲೆ ತಲೆ ಒಂದೇ ಬಿಡುಗಡೆಯಾಗಿ ಉಳಿಯುತ್ತದೆ. ಹೆಲ್ಮೆಟ್ ಸೇರಿ 6 ಕೆ.ಜಿ. ಇರುವ ತಲೆ 50 ಜಿ ಬಲಕ್ಕೆ 3 ಕ್ವಿಂಟಾಲ್ ಆಗಿ ಮುಂದೆ ಎಳೆಯುತ್ತದೆ. ಹಿಡಿಯುವುದು ಕತ್ತು ಮಾತ್ರ. 1981ರಲ್ಲಿ ಗೆಳೆಯನೊಬ್ಬ ಇಂಥ ಗುದ್ದಿನಲ್ಲಿ ಸತ್ತಾಗ ಅಮೆರಿಕದ ರೇಸರ್ ಜಿಮ್ ಡೌನಿಂಗ್ ತನ್ನ ಭಾವ ರಾಬರ್ಟ್ ಹಬ್ಬರ್ಡ್ ಹತ್ತಿರ ಹೋದ. ಹಬ್ಬರ್ಡ್ ಮೈಯ ಯಂತ್ರಶಾಸ್ತ್ರ ಬಲ್ಲ ಪ್ರೊಫೆಸರ್. ಭಾವ ಭಾವಮೈದುನ ಸೇರಿ ಮಾಡಿದ್ದೇ ಹಾನ್ಸ್ ಎಂಬ ಕೊರಳ ಕವಚ. ಹೆಗಲ ಮೇಲೆ ಪಟ್ಟಿಯ ಕೆಳಗೆ ಕೂತು, ಎರಡು ದಾರದಿಂದ ಹೆಲ್ಮೆಟ್ಟನ್ನು ಹಿಡಿದುಕೊಳ್ಳುತ್ತದೆ. ವರ್ಷಗಟ್ಟಲೆ ರೇಸರುಗಳು ಅದನ್ನು ಹಾಕಲು ಒಪ್ಪಲಿಲ್ಲ, ಕಿರಿಕಿರಿ ಅಂದರು. 2001ರ ಫೆಬ್ರವರಿಯಲ್ಲಿ ಅಮೆರಿಕದ ಡೇಟೋನಾ ರೇಸಿನ ಕೊನೇ ಸುತ್ತಿನಲ್ಲಿ ಹೆಸರಾಂತ ರೇಸರ್ ಡೇಲ್ ಅರ್ನ್‌ಹಾರ್ಟ್ ಸತ್ತ ಮೇಲೆ ಕಣ್ಣು ತೆರೆಯಿತು. 2003ರಿಂದ ಫಾರ್ಮುಲಾ ಒನ್‌ನಲ್ಲೂ ಕಡ್ಡಾಯ. ಅಳಿಯ ಮೊದಲು ದುಬಾರಿ ಅಂತ ಗೊಣಗಿದ. ಚಕ್ರದ ಹೊಸ ಅಲಾಯ್ ಮಾರಿ ಬಾ ಅಂದೆ. ಮಾರಿದ.

ಪಟ್ಟಿಗೂ ಆಯುಸ್ಸು ಉಂಟು. ಎಫ್‌ಐಎ ಗುರುತಿನ ಪಟ್ಟಿಯ ಮೇಲೆ ಕೊನೇ ವರ್ಷ ಹೊಲಿದಿರುತ್ತದೆ, ಸುಮಾರು 5 ವರ್ಷ. ಬಿಸಿಲು ನೂಲನ್ನು ತಿನ್ನುತ್ತದೆ. ನಮ್ಮ ಬಿಸಿಲಿನ ಬಗ್ಗೆ ಬೇರೆ ಹೇಳಬೇಕೇ? ಕಾರಿನ ಮೇಲೆ ದಪ್ಪ ಟಾರ್ಪಾಲು ಹೊದಿಸಿದ್ದೇವೆ.

ಕೊನೆಗೆ ಒಂದು ಸಂಜೆ ಅಳಿಯನನ್ನು ಹೆಲ್ಮೆಟ್, ಹಾನ್ಸ್ ಸಮೇತ ಕೂರಿಸಿ ಎಲ್ಲ ಬಿಗಿದೆವು. ಕೈ ಚಾಚಿದ. ಕರೆಂಟ್ ಕಡಿಯುವ ಸ್ವಿಚ್ಚು ನಾಲ್ಕು ಬೆರಳು ದೂರ ಉಳಿಯಿತು. ಬಿಗಿಯದೆ ಕೂತು ಅಳತೆ ತೆಗೆದಿದ್ದೆವು. ಸ್ವಿಚ್ಚು ಕಿತ್ತು ಹತ್ತಿರ ಕೂರಿಸಿದರು ಉಸ್ತಾದ್. ಆಮೇಲೆ, "ಬೆಂಕಿ ಹತ್ತೇದ, ಹೊರಗ ಬಾ" ಅಂದು ಎಣಿಸತೊಡಗಿದರು. ಬಕಲ್ ಬಿಚ್ಚಿತು, ಆದರೆ ಬಾಗಿಲ ಅಡ್ಡ ಕೊಳವೆಗೆ ಹೆಲ್ಮೆಟ್ ಸಿಕ್ಕಿಕೊಂಡಿತು. ಇಪ್ಪತ್ಮೂರಕ್ಕೆ ಹೊರಗೆ ಬಿದ್ದ. ಮತ್ತೆ ಕೂತ. ಹದಿನಾರು. ಮತ್ತೆ. ಒಂಬತ್ತು. ಅಳಿಯ ಬೆವರು ಒರೆಸಿಕೊಂಡು ನಕ್ಕ.

ಉಸ್ತಾದ್ ಎದ್ದು ಹೋಗಿ ಶೆಡ್ಡಿನ ಲೈಟು ಆರಿಸಿದರು. "ಹೊಗಿ ತುಂಬಿದ್ರ ಕಣ್ಣು ಕಾಣಲ್ಲಪಾ. ಈಗ ಕತ್ತಲಾಗ ಮಾಡು."