ಸಿನಿಮಾ ತೋರಿಸದ ಕಾಗದಗಳು

ಹಳ್ಳಿಯ ಹೆಣ್ಣುಮಕ್ಕಳ ನ್ಯಾಯದ ಹೋರಾಟದ ಮೇಲೆ ಬಂದ ಚಿತ್ರಗಳಲ್ಲಿ ‘ಬವಂಡರ್’ (2000) ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ. ನಂದಿತಾ ದಾಸ್ ನಟಿಸಿದ ಈ ಚಿತ್ರಕ್ಕೆ ಆಧಾರ ರಾಜಸ್ಥಾನದ ಭಟೇರಿ ಗ್ರಾಮದ ಭಂವರಿ ದೇವಿಯವರ ಪ್ರಕರಣ. ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ‘ಸಾಥಿನ್’ (ಹಳ್ಳಿ ಮಟ್ಟದ ಕಾರ್ಯಕರ್ತೆ) ಆಗಿದ್ದ ಅವರು ಹಸುಗೂಸಿನ ಮದುವೆಯೊಂದನ್ನು ತಡೆಯಲು ಹೋದರು. ಆ ಸೇಡಿಗೆ 1992ರ ಸೆಪ್ಟೆಂಬರ್‌ನಲ್ಲಿ ಗಂಡನ ಕಣ್ಣೆದುರೇ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. 1995ರಲ್ಲಿ ಜೈಪುರದ ನ್ಯಾಯಾಲಯ ಅತ್ಯಾಚಾರದ ಆರೋಪದಿಂದ ಎಲ್ಲರನ್ನೂ ಖುಲಾಸೆ ಮಾಡಿತು.

ಕೋಲಾರ, ಚಿಕ್ಕಬಳ್ಳಾಪುರದ ಸ್ತ್ರೀಶಕ್ತಿ ಸಂಘಗಳಲ್ಲಿ ಇಂಥ ಚಿತ್ರ ತೋರಿಸಿದರೆ ಮಾತೆಲ್ಲ ಕೋರ್ಟಿನ ದೃಶ್ಯದ ಸುತ್ತಲೇ ಇರುತ್ತದೆ. ವಕೀಲಿ ಮಾಡುವವರ ಕಣ್ಣು ಹೋಗುವುದು ಅದಕ್ಕೂ ಮುಂಚಿನ 52 ಗಂಟೆಗಳ ಕಡೆಗೆ. ಭಂವರಿ ದೇವಿಯವರ ವೈದ್ಯಕೀಯ ಪರೀಕ್ಷೆ ಆದದ್ದು ಅಷ್ಟು ತಡವಾಗಿ. ತೀರ್ಪಿನ ತರ್ಕ ಇವತ್ತಿಗೂ ಸಿಟ್ಟು ಬರಿಸುತ್ತದೆ, ನಿಜ. ಆದರೆ ಆ ತರ್ಕಕ್ಕೆ ಜಾಗ ಸಿಕ್ಕಿದ್ದು ಕಡತದಲ್ಲಿ ಇರಬೇಕಾದ ಕಾಗದ ಸಮಯಕ್ಕೆ ಇಲ್ಲದ್ದರಿಂದಲೂ ಹೌದು.

ಈಗಿನ ಕಾನೂನು, ಅಂದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 184ನೇ ಕಲಂ, ಪೊಲೀಸರಿಗೆ ಮಾಹಿತಿ ಸಿಕ್ಕ 24 ಗಂಟೆಯೊಳಗೆ ಸಂತ್ರಸ್ತೆಯನ್ನು ವೈದ್ಯರ ಬಳಿ ಕಳಿಸಬೇಕು ಎನ್ನುತ್ತದೆ. ಆಕೆಯ ಒಪ್ಪಿಗೆ ಬರಹದಲ್ಲಿ ದಾಖಲಾಗಬೇಕು. ‘ಲೇಡಿ ಡಾಕ್ಟರ್ ರಜೆ, ನಾಳೆ ಬನ್ನಿ’ ಎಂದು ವಾಪಸ್ ಕಳಿಸುವುದು ಸರಿಯಲ್ಲ. ಒಪ್ಪಿಗೆ ಇದ್ದರೆ ಮಹಿಳಾ ಸಿಬ್ಬಂದಿಯ ಸಮ್ಮುಖದಲ್ಲಿ ಪುರುಷ ವೈದ್ಯರೂ ಪರೀಕ್ಷಿಸಬಹುದು. 18 ತುಂಬದ ಹುಡುಗಿಯಾದರೆ ಮಾತ್ರ ವೈದ್ಯೆಯೇ ಆಗಬೇಕು. ಮೈ ತೊಳೆಯಬಾರದು, ಬಟ್ಟೆ ಒಗೆಯಬಾರದು. ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ತೇವಕ್ಕೆ ಕೊಳೆತು ಕುರುಹು ಹಾಳಾಗುತ್ತದೆ, ಪೇಪರಿನಲ್ಲಿ ಸುತ್ತಬೇಕು. ಜೊತೆಗೆ ಹೋಗುವವರು ಇನ್ನೊಂದು ಜೊತೆ ಬಟ್ಟೆ ಹಿಡಿದುಕೊಂಡೇ ಹೊರಡಬೇಕು. ಭಂವರಿ ದೇವಿಯವರ ಲಂಗವನ್ನು ಪೊಲೀಸರು ಸಾಕ್ಷ್ಯಕ್ಕೆಂದು ಇರಿಸಿಕೊಂಡಾಗ ಅವರು ಗಂಡನ ರುಮಾಲು ಸುತ್ತಿಕೊಂಡು ರಾತ್ರಿ ನಡೆದು ಹೋಗಬೇಕಾಯಿತು.

ಇನ್ನು ದೂರು. ತಾಲ್ಲೂಕು ಕಚೇರಿ ಮುಂದೆ ಅರ್ಜಿ ಬರೆಯುವವರ ಕೈಯಲ್ಲಿ ಎಲ್ಲ ಹೆಂಗಸರ ಕಥೆಯೂ ಒಂದೇ ಆಗಿಬಿಡುತ್ತದೆ: ‘ಅವಾಚ್ಯ ಶಬ್ದಗಳಿಂದ ಬೈದು, ಕೈಗಳಿಂದ ಹೊಡೆದು, ಪ್ರಾಣ ಬೆದರಿಕೆ ಹಾಕಿರುತ್ತಾರೆ.’ ಯಾರು, ಎಷ್ಟು ಹೊತ್ತಿಗೆ, ಯಾವ ಕೈಯಲ್ಲಿ ಏನಿತ್ತು, ಏಟು ಎಲ್ಲಿ ಬಿತ್ತು, ನೋಡಿದವರು ಯಾರು, ಇದೊಂದೂ ಇರುವುದಿಲ್ಲ. ಎರಡು ವರ್ಷದ ಮೇಲೆ ಪಾಟೀಸವಾಲಿನಲ್ಲಿ ಆಕೆ ವಿವರ ಹೇಳಿದರೆ, ‘ಇದು ದೂರಿನಲ್ಲಿ ಇಲ್ಲವಲ್ಲಮ್ಮ, ಈಗ ಸೇರಿಸಿ ಹೇಳುತ್ತಿದ್ದೀರಿ’ ಎನ್ನುತ್ತಾರೆ ಎದುರು ಪಕ್ಷದ ವಕೀಲರು. ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲಿನ ಕಡೆ ಬೈಗುಳವೆಲ್ಲ ತೆಲುಗಿನಲ್ಲೇ. ಬೈದದ್ದನ್ನು ಬೈದ ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆಸಿ, ನಾಚಿಕೆಪಟ್ಟು ಬಿಡಬೇಡಿ. ಪರಿಶಿಷ್ಟ ಜಾತಿ, ಪಂಗಡದ ಹೆಣ್ಣುಮಗಳಾದರಂತೂ ಇದು ಪ್ರಕರಣದ ಜೀವ. ದೌರ್ಜನ್ಯ ತಡೆ ಕಾಯ್ದೆಯಲ್ಲಿ ಜಾತಿ ನಿಂದನೆಯ ಆರೋಪ ಕೋರ್ಟಿನಲ್ಲಿ ನಿಲ್ಲಬೇಕಾದರೆ ಜಾತಿ ಹೆಸರು ಹಿಡಿದು ಆಡಿದ ಮಾತು, ಅದು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ನಡೆದದ್ದು, ಎರಡೂ ಬೇಕು. ಜಾತಿ ಪ್ರಮಾಣಪತ್ರವನ್ನು ಮೊದಲೇ ನಾಡಕಚೇರಿಯಿಂದ ತೆಗೆಸಿಟ್ಟುಕೊಳ್ಳಿ. ಬೇರೆ ಜಾತಿಗೆ ಮದುವೆಯಾಗಿ ಹೋಗಿದ್ದರೂ ಲೆಕ್ಕಕ್ಕೆ ಬರುವುದು ಹುಟ್ಟಿದ ಜಾತಿಯೇ.

ಠಾಣೆಯಲ್ಲಿ ದೂರು ಕೊಟ್ಟರೆ ಎಫ್‌ಐಆರ್ ಆಯಿತೆಂದು ಎಷ್ಟೋ ಜನ ತಿಳಿದಿರುತ್ತಾರೆ. ನಡೆಯುವುದು ಹೀಗೆ: ಪೆಟಿಷನ್ ನಂಬರ್ ಹಾಕಿ, ಎರಡೂ ಕಡೆಯವರನ್ನು ಕರೆಸಿ, ‘ಬುದ್ಧಿ ಹೇಳಿ ಕಳಿಸಲಾಗಿದೆ’ ಎಂದು ಹಿಂಬರಹ ಕೊಟ್ಟು ಮುಗಿಸುತ್ತಾರೆ. ಎಫ್‌ಐಆರ್ ಆಗಿದ್ದರೆ ಅದರ ಪ್ರತಿ ಉಚಿತವಾಗಿ ಕೈಗೆ ಬರಬೇಕು. ಅದರಲ್ಲಿ ಅಪರಾಧ ಸಂಖ್ಯೆ, ಕಲಂಗಳು ಇರಬೇಕು. ‘ನಮ್ಮ ಸರಹದ್ದಲ್ಲ’ ಎನ್ನುವ ಮಾತು ಈಗ ನಡೆಯದು, ಯಾವ ಠಾಣೆಯಾದರೂ ಜೀರೋ ಎಫ್‌ಐಆರ್ ದಾಖಲಿಸಬೇಕು. ಆಗಲೂ ನಿರಾಕರಿಸಿದರೆ ಅದೇ ದೂರನ್ನು ರಿಜಿಸ್ಟರ್ ಅಂಚೆಯಲ್ಲಿ ಎಸ್‌ಪಿಯವರಿಗೆ ಕಳಿಸಿ, ರಸೀದಿ ಜೋಪಾನ ಮಾಡಿ. ಅಲ್ಲೂ ಆಗದಿದ್ದರೆ ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ. ಎಸ್‌ಪಿಗೆ ಬರೆದದ್ದಕ್ಕೆ ದಾಖಲೆ ಇಲ್ಲದೆ ಹೋದ ಅರ್ಜಿಗಳು ಬಾಗಿಲಲ್ಲೇ ಬೀಳುತ್ತವೆ. ಬಿದ್ದ ಮೇಲೆ ರಸೀದಿ ಹುಡುಕಿದರೆ ಸಿಗುವುದಿಲ್ಲ.

ಸಾಕ್ಷಿಗಳ ವಿಷಯಕ್ಕೆ ನಮ್ಮ ಜಿಲ್ಲೆಗಳ ಚರಿತ್ರೆಯೇ ಸಾಕು. 2000ರ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 7 ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ಪ್ರತಿಕೂಲವಾಗಿ 2006ರಲ್ಲಿ ಆರೋಪಿಗಳು ಖುಲಾಸೆಯಾದರು. ಊರಲ್ಲೇ ಬದುಕಬೇಕಾದವರು ಆರು ವರ್ಷ ಕಾದು ಅದೇ ಮಾತು ಹೇಳಲಿ ಎಂದು ನಿರೀಕ್ಷಿಸುವುದೇ ಕಷ್ಟದ ಮಾತು. ಅದಕ್ಕೇ ಮುಖ್ಯ ಸಾಕ್ಷಿಗಳ ಹೇಳಿಕೆಯನ್ನು ಬೇಗನೆ ಮ್ಯಾಜಿಸ್ಟ್ರೇಟರ ಎದುರು, ಸುರಕ್ಷಾ ಸಂಹಿತೆಯ 183ನೇ ಕಲಂನಡಿ ಬರೆಸಲು ತನಿಖಾಧಿಕಾರಿಗೆ ಲಿಖಿತವಾಗಿ ಕೇಳಿ. ಅದೊಂದೇ ಶಿಕ್ಷೆಗೆ ಆಧಾರವಾಗದು. ಆದರೂ ಆಮೇಲೆ ಮಾತು ತಿರುಗಿಸುವುದು ಅಷ್ಟು ಸಲೀಸಾಗುವುದಿಲ್ಲ.

ಸಿನಿಮಾ ಮುಗಿದ ಮೇಲೆ ಹಿಂದೆ ಉಳಿದು ಮೆಲ್ಲಗೆ ಕೇಳುವವರದು ಬಹಳ ಸಲ ಬೇರೆಯೇ ಸಮಸ್ಯೆ: ಕುಡಿದು ಹೊಡೆಯುವ ಗಂಡ, ಮನೆಯಿಂದ ಹೊರಹಾಕಿದ ಅತ್ತೆಮನೆ. ಇವರಿಗೆ 2005ರ ಕೌಟುಂಬಿಕ ಹಿಂಸೆ ಕಾಯ್ದೆ. ಅದರಡಿ ದೂರು ತೆಗೆದುಕೊಳ್ಳುವ ಸಂರಕ್ಷಣಾಧಿಕಾರಿ ಎಂದರೆ ನಮ್ಮಲ್ಲಿ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ). ಅವರು ನಮೂನೆ 1ರಲ್ಲಿ ಘಟನಾ ವರದಿ ಮಾಡಿ ಕೋರ್ಟಿಗೆ ಕಳಿಸುತ್ತಾರೆ. ತವರುಮನೆಯಲ್ಲಿದ್ದರೆ ತವರಿನ ತಾಲ್ಲೂಕಿನಲ್ಲೇ ಅರ್ಜಿ ಹಾಕಬಹುದು. 60 ದಿನದಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ, ಅದನ್ನು ನಂಬಿ ಕೂರಬೇಡಿ. ಮೊದಲ ದಿನವೇ 23ನೇ ಕಲಂನಡಿ ಮಧ್ಯಂತರ ಆದೇಶ ಕೇಳಿ. ವಾಸದ ಆದೇಶ ಕೇಳುವಾಗ ಮನೆಯ ಖಾತಾ ಸಂಖ್ಯೆ, ಚೆಕ್ಕುಬಂದಿ (ನಾಲ್ಕೂ ಕಡೆಯ ಗಡಿ) ಬರೆದಿರಬೇಕು, ಇಲ್ಲವಾದರೆ ಯಾವ ಮನೆ ಎನ್ನುವುದರ ಮೇಲೆಯೇ ಜಗಳ ಶುರುವಾಗುತ್ತದೆ.

ಜೀವನಾಂಶದಲ್ಲಿ ಗಂಡನ ಉತ್ತರ ಸಿದ್ಧವಾಗಿರುತ್ತದೆ: ‘ನಾನು ಕೂಲಿ ಮಾಡ್ತೀನಿ ಸ್ವಾಮಿ.’ ಸುಪ್ರೀಂ ಕೋರ್ಟಿನ 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನಂತೆ ಇಬ್ಬರೂ ಆಸ್ತಿ, ಆದಾಯದ ಪ್ರಮಾಣಪತ್ರ ಹಾಕಲೇಬೇಕು. ಆತ ಬರೆದದ್ದು ಸುಳ್ಳೆಂದು ತೋರಿಸುವ ಕಾಗದ ಊರಲ್ಲೇ ಇರುತ್ತದೆ. ಪಹಣಿಯಲ್ಲಿ ಜಮೀನಿನ ಜೊತೆ ಬೆಳೆಯ ಕಾಲಂ ಇದೆ. ಡೇರಿಗೆ ಹಾಲು ಹಾಕುತ್ತಿದ್ದರೆ ಸಂಘದ ಪಾಸ್‌ಬುಕ್ಕಿನಲ್ಲಿ ವಾರವಾರದ ಲೀಟರ್ ಲೆಕ್ಕ ಸಿಗುತ್ತದೆ. ಟೊಮೆಟೊ ಬೆಳೆದಿದ್ದರೆ ಕೋಲಾರ ಎಪಿಎಂಸಿಯ ಮಂಡಿ ಬಿಲ್, ರೇಷ್ಮೆಯಾದರೆ ಶಿಡ್ಲಘಟ್ಟ ಗೂಡಿನ ಮಾರುಕಟ್ಟೆಯ ಚೀಟಿ. ಮನೆ ಬಿಡುವ ಮುನ್ನ ಇವುಗಳ ಫೋಟೋ ತೆಗೆದುಕೊಂಡಿದ್ದರೆ ಅರ್ಧ ಕೆಲಸ ಆದಂತೆ. ಇಲ್ಲದಿದ್ದರೆ ತರಿಸಿಕೊಡಿ ಎಂದು ಕೋರ್ಟಿಗೇ ಅರ್ಜಿ ಹಾಕಬೇಕು, ಒಂದೆರಡು ವಾಯಿದೆ ಹೆಚ್ಚು ಹಿಡಿಯುತ್ತದೆ. ಅಂದ ಹಾಗೆ, ಜಮೀನು ಮಾವನ ಹೆಸರಿನಲ್ಲೇ ಇದೆ ಎನ್ನುವುದು ಈ ಭಾಗದ ಹಳೆಯ ಆಟ. ಖಾತೆ ಯಾರದ್ದಾದರೂ ಇರಲಿ, ಮಂಡಿ ಬಿಲ್ಲು ಯಾರ ಹೆಸರಿಗೆ ಹರಿದಿದೆ ನೋಡಿ.

ಆದೇಶವಾದ ಮೇಲೂ ದುಡ್ಡು ಬರದಿದ್ದರೆ ‘ಒಟ್ಟಿಗೆ ಕೇಳಿದರಾಯಿತು’ ಎಂದು ಸುಮ್ಮನಿರುತ್ತಾರೆ. ಸುರಕ್ಷಾ ಸಂಹಿತೆಯ 144ನೇ ಕಲಂನ ಜೀವನಾಂಶವಾದರೆ, ಬಾಕಿ ಬಿದ್ದ ದಿನದಿಂದ 1 ವರ್ಷದೊಳಗೆ ವಸೂಲಿ ಅರ್ಜಿ ಹಾಕದಿದ್ದರೆ ಆ ಕಂತಿಗೆ ವಾರಂಟ್ ಹೊರಡುವುದಿಲ್ಲ.

ಭಂವರಿ ದೇವಿಯವರ ಪ್ರಕರಣದಿಂದ ಹುಟ್ಟಿದ್ದು 1997ರ ವಿಶಾಖಾ ತೀರ್ಪು, ಅದರಿಂದ ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ. ಹತ್ತಕ್ಕಿಂತ ಕಡಿಮೆ ಜನರಿರುವ ನೂಲು ಬಿಚ್ಚುವ ಘಟಕ, ಇಟ್ಟಿಗೆ ಗೂಡು, ತೋಟದ ಕೂಲಿ, ಎಲ್ಲಕ್ಕೂ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಘಟನೆಯಾದ 3 ತಿಂಗಳೊಳಗೆ ದೂರು ಕೊಡಬೇಕು. ತಾಲ್ಲೂಕಿನ ನೋಡಲ್ ಅಧಿಕಾರಿಗೆ ಕೊಟ್ಟರೆ ಅವರು 7 ದಿನದಲ್ಲಿ ಸಮಿತಿಗೆ ಕಳಿಸಬೇಕು.

ವಕೀಲರ ಖರ್ಚಿಗೆ ಹೆದರಿ ಹಿಂದೆ ಸರಿಯಬೇಕಿಲ್ಲ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಹಕ್ಕು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಫೋನಾದರೆ 15100. ಅರ್ಜಿಯ ಜೊತೆ ಆಧಾರ್ ಪ್ರತಿ, ಇರುವ ಕಾಗದಗಳ ಜೆರಾಕ್ಸ್ ಕೊಟ್ಟರೆ ಸಾಕು. ಅಸಲನ್ನು ಯಾರ ಕೈಗೂ ಕೊಡಬೇಡಿ. ನೇಮಕವಾದ ವಕೀಲರು ಫೀಸು ಕೇಳಿದರೆ ಸಮಿತಿಯ ಕಾರ್ಯದರ್ಶಿಗೆ ಬರೆದುಕೊಡಿ, ಬೇರೆಯವರನ್ನು ನೇಮಿಸಲು ಅವಕಾಶವಿದೆ.