ಕ್ಲಬ್‌ನ ಆಟ, ದೇಶದ ಜೆರ್ಸಿ: ಅಮೆರಿಕ ಫುಟ್‌ಬಾಲ್ ತಂಡದ ಆಯ್ಕೆಯ ಹಿನ್ನೆಲೆ

ಅಮೆರಿಕದ ಸ್ಟ್ರೈಕರ್ (ಗೋಲು ಹೊಡೆಯುವ ಮುಂಚೂಣಿ ಆಟಗಾರ) ಜೋಜಿ ಆಲ್ಟಿಡೋರ್ 2009–10ರ ಋತುವಿನಲ್ಲಿ ಹಲ್ ಸಿಟಿ ಪರವಾಗಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಹೊಡೆದದ್ದು ಒಂದೇ ಒಂದು ಗೋಲು. ನಾಲ್ಕು ವರ್ಷಗಳ ಬಳಿಕ, 2013–14ರಲ್ಲಿ, ಅದೇ ಲೀಗ್‌ನಲ್ಲಿ ಸಂಡರ್‌ಲ್ಯಾಂಡ್ ಪರವಾಗಿ ಅವರು ಗಳಿಸಿದ್ದೂ ಒಂದೇ. ಎರಡೂ ಋತುಗಳ ಬೆನ್ನಿಗೇ ವಿಶ್ವಕಪ್ ಬಂತು. ಆ ನಡುವೆ ಅಮೆರಿಕದ ಕೋಚ್ ಬದಲಾಗಿದ್ದರು, ಆದರೆ ಎರಡು ಸಲವೂ ತಂಡದ ಮೊದಲ ಸ್ಟ್ರೈಕರ್ ಆಗಿ ಕಣಕ್ಕಿಳಿದವರು ಆಲ್ಟಿಡೋರ್ ಅವರೇ. ಕ್ಲಬ್‌ನಲ್ಲಿ ಗೋಲು ಬತ್ತಿಹೋದ ಆಟಗಾರನನ್ನು ದೇಶದ ತಂಡದ ಮುಂಚೂಣಿಯಲ್ಲಿ ನಿಲ್ಲಿಸುವುದು ಸರಿಯೇ ಎಂಬ ಪ್ರಶ್ನೆ ಅಮೆರಿಕದ ಫುಟ್‌ಬಾಲ್‌ನಲ್ಲಿ ಇಂದಿಗೂ ಬಗೆಹರಿದಿಲ್ಲ. ಕೆನಡಾ ಮತ್ತು ಮೆಕ್ಸಿಕೊ ಜೊತೆಗೂಡಿ ಅಮೆರಿಕ ಆತಿಥ್ಯ ವಹಿಸುವ 2026ರ ವಿಶ್ವಕಪ್‌ಗೆ ಕೋಚ್ ಮಾರಿಸಿಯೊ ಪೊಚೆಟ್ಟಿನೊ ಆರಿಸಬೇಕಾದ 26 ಮಂದಿಯ ಪಟ್ಟಿಯ ಸುತ್ತಲಿನ ವಾದಗಳ ಬುಡದಲ್ಲಿ ಇರುವುದೂ ಇದೇ ಪ್ರಶ್ನೆ.

ಕ್ರಿಕೆಟ್ ನೋಡುತ್ತ ಬೆಳೆದ ನಮಗೆ, ರಣಜಿಯಲ್ಲಿ ರಾಶಿ ರನ್ ಗಳಿಸಿದವರಿಗೆ ಭಾರತ ತಂಡದ ಬಾಗಿಲು ಏಕೆ ತೆರೆಯಲಿಲ್ಲ ಎಂಬ ವಾದ ಚಿರಪರಿಚಿತ. ಆದರೆ ರಣಜಿಯಲ್ಲಿ ಎಲ್ಲರೂ ಆಡುವುದು ಒಂದೇ ಪಂದ್ಯಾವಳಿಯಾದ್ದರಿಂದ ಒಬ್ಬರ ಸಾಧನೆಯನ್ನು ಇನ್ನೊಬ್ಬರದರ ಪಕ್ಕದಲ್ಲಿಟ್ಟು ತೂಗಬಹುದು. ಅಮೆರಿಕದ ಫುಟ್‌ಬಾಲ್ ಆಟಗಾರರಿಗೆ ಅಂಥ ಒಂದೇ ತಕ್ಕಡಿ ಎಂದೂ ಇರಲಿಲ್ಲ. ಒಬ್ಬರು ಇಟಲಿಯಲ್ಲಿ ಆಡುತ್ತಾರೆ, ಇನ್ನೊಬ್ಬರು ಇಂಗ್ಲೆಂಡಿನ ಎರಡನೇ ದರ್ಜೆಯಲ್ಲಿ, ಮತ್ತೊಬ್ಬರು ಮೆಕ್ಸಿಕೊದಲ್ಲಿ, ಉಳಿದವರು ತವರಿನ ಮೇಜರ್ ಲೀಗ್ ಸಾಕರ್‌ನಲ್ಲಿ. ನೆದರ್‌ಲ್ಯಾಂಡ್ಸ್‌ನಲ್ಲಿ ಹೊಡೆದ ಹತ್ತು ಗೋಲಿಗೂ ಜರ್ಮನಿಯ ಬೆಂಚಿನ ಮೇಲೆ ಕಳೆದ ಹತ್ತು ವಾರಗಳಿಗೂ ಹೋಲಿಕೆ ಹುಡುಕುವ ಕಷ್ಟ ಅಲ್ಲಿನ ಪ್ರತಿಯೊಬ್ಬ ಕೋಚ್‌ಗೂ ಎದುರಾಗಿದೆ.

ಒಂದು ಕಾಲದಲ್ಲಿ ತೂಗಲು ಲೀಗೇ ಇರಲಿಲ್ಲ. ನಾರ್ತ್ ಅಮೆರಿಕನ್ ಸಾಕರ್ ಲೀಗ್ 1984ರ ಋತುವಿನ ನಂತರ ಮುಚ್ಚಿಹೋದ ಮೇಲೆ ಅಮೆರಿಕದಲ್ಲಿ ಪ್ರಥಮ ದರ್ಜೆಯ ಹೊರಾಂಗಣ ವೃತ್ತಿಪರ ಫುಟ್‌ಬಾಲ್ ಉಳಿಯಲಿಲ್ಲ. 1989ರ ನವೆಂಬರ್ 19ರಂದು ಪೋರ್ಟ್ ಆಫ್ ಸ್ಪೇನ್‌ನಲ್ಲಿ ಪಾಲ್ ಕಲಿಜುರಿ ಹೊಡೆದ ಗೋಲಿನಿಂದ ಆ ದೇಶ 1950ರ ನಂತರ ಮೊದಲ ಬಾರಿಗೆ ವಿಶ್ವಕಪ್ ತಲುಪಿದಾಗ, ತಂಡದಲ್ಲಿದ್ದ ಅನೇಕರು ಕಾಲೇಜು ಮೈದಾನಗಳಿಂದ ಆಗಷ್ಟೇ ಹೊರಬಂದ ಹುಡುಗರು. 1990ರಲ್ಲಿ ಇಟಲಿಯಲ್ಲಿ ಆ ತಂಡ ಮೂರೂ ಪಂದ್ಯಗಳನ್ನು ಸೋತಿತು. 1994ರ ವಿಶ್ವಕಪ್ಪನ್ನು ತಾನೇ ನಡೆಸಬೇಕಿದ್ದ ಅಮೆರಿಕ ಇದಕ್ಕೆ ಒಂದು ವಿಚಿತ್ರ ಪರಿಹಾರ ಕಂಡುಕೊಂಡಿತು. ಫೆಡರೇಷನ್ ತಾನೇ ಆಟಗಾರರ ಜೊತೆ ಒಪ್ಪಂದ ಮಾಡಿಕೊಂಡು, ಕ್ಯಾಲಿಫೋರ್ನಿಯಾದ ಮಿಷನ್ ವಿಯೆಹೊದಲ್ಲಿ ಒಂದು ಕಾಯಂ ಶಿಬಿರ ತೆರೆದು, ರಾಷ್ಟ್ರೀಯ ತಂಡವನ್ನೇ ಒಂದು ಕ್ಲಬ್ಬಿನಂತೆ ನಡೆಸಿತು. ಕೋಚ್ ಬೋರಾ ಮಿಲುಟಿನೊವಿಚ್ ಅವರಿಗೆ ಯಾರ ಲಯ ಹೇಗಿದೆ ಎಂದು ಪತ್ರಿಕೆ ನೋಡಿ ತಿಳಿಯುವ ಅಗತ್ಯವಿರಲಿಲ್ಲ. ಹೆಚ್ಚಿನವರು ದಿನಬೆಳಗಾದರೆ ಅವರ ಕಣ್ಣೆದುರೇ ಓಡುತ್ತಿದ್ದರು. ಯುರೋಪಿನ ಕ್ಲಬ್ಬುಗಳಲ್ಲಿದ್ದ ಎರಿಕ್ ವಿನಾಲ್ಡಾ, ಟ್ಯಾಬ್ ರಾಮೋಸ್, ಜಾನ್ ಹಾರ್ಕ್ಸ್, ಅರ್ನಿ ಸ್ಟುವರ್ಟ್ ಮೊದಲಾದವರು ಆಮೇಲೆ ಬಂದು ಸೇರಿಕೊಂಡರು. ಈ ಎರಡು ಹೊಳೆಗಳು ಕೂಡಿದ ತಂಡ ಕೊಲಂಬಿಯಾವನ್ನು 2–1ರಿಂದ ಸೋಲಿಸಿ ನಾಕೌಟ್ ತಲುಪಿತು. ಜುಲೈ 4ರಂದು, ತಮ್ಮ ಸ್ವಾತಂತ್ರ್ಯ ದಿನದಂದೇ, ಬ್ರೆಜಿಲ್‌ಗೆ ಒಂದೇ ಗೋಲಿನಿಂದ ಸೋತಿತು.

1996ರಲ್ಲಿ ಮೇಜರ್ ಲೀಗ್ ಸಾಕರ್ ಶುರುವಾದ ಮೇಲೆ ಕೋಚ್‌ಗಳಿಗೆ ಮೊದಲ ಬಾರಿಗೆ ವಾರವಾರವೂ ನೋಡಬಹುದಾದ ದೇಶೀ ಆಟ ಸಿಕ್ಕಿತು. ಅದರ ಜೊತೆಗೇ ಆಯ್ಕೆಯ ಮೊದಲ ದೊಡ್ಡ ಜಗಳವೂ ಬಂತು. ಹಾರ್ಕ್ಸ್ ಸಾಮಾನ್ಯ ಆಟಗಾರರಾಗಿರಲಿಲ್ಲ. ಶೆಫೀಲ್ಡ್ ವೆನ್ಸ್‌ಡೇ ಪರ 1993ರ ಲೀಗ್ ಕಪ್ ಫೈನಲ್‌ನಲ್ಲಿ ವೆಂಬ್ಲಿಯಲ್ಲಿ ಗೋಲು ಹೊಡೆದಿದ್ದ ಅವರನ್ನು ಕೋಚ್ ಸ್ಟೀವ್ ಸ್ಯಾಂಪ್ಸನ್ ‘ಆಜೀವ ನಾಯಕ’ ಎಂದೇ ಕರೆದಿದ್ದರು. 1998ರ ಏಪ್ರಿಲ್‌ನಲ್ಲಿ, ವಿಶ್ವಕಪ್‌ಗೆ ಎರಡು ತಿಂಗಳಿರುವಾಗ, ಅದೇ ಸ್ಯಾಂಪ್ಸನ್ ಅವರನ್ನು ತಂಡದಿಂದ ಕೈಬಿಟ್ಟರು. ನಿಜವಾದ ಕಾರಣ ಮೈದಾನದ ಆಚೆಗಿನದಾಗಿತ್ತು ಎಂಬುದು ಹಲವು ವರ್ಷಗಳ ಬಳಿಕ ಬಯಲಿಗೆ ಬಂತು. ಜರ್ಮನಿಯಲ್ಲಿ ಆಡುತ್ತಿದ್ದ ಡೇವಿಡ್ ರೇಜಿಸ್‌ಗೆ ಟೂರ್ನಿಗೆ ವಾರಗಳಷ್ಟೇ ಇರುವಾಗ ಅಮೆರಿಕದ ಪೌರತ್ವ ಸಿಕ್ಕಿ, ಅವರು ನೇರವಾಗಿ ಆಡುವ ಹನ್ನೊಂದರಲ್ಲಿ ಸೇರಿದರು. ಅರ್ಹತಾ ಸುತ್ತಿನಲ್ಲಿ ಬೆವರು ಹರಿಸಿದ್ದ ಹಿರಿಯರಿಗೆ ಇದು ಸಹಿಸಲಾಗದ ಮಾತಾಯಿತು. ಜರ್ಮನಿ, ಇರಾನ್, ಯುಗೊಸ್ಲಾವಿಯ ಮೂವರಿಗೂ ಸೋತು ತಂಡ 32 ದೇಶಗಳಲ್ಲಿ ಕಡೆಯ ಸ್ಥಾನಕ್ಕೆ ಬಿತ್ತು. ಆ ಸೋಲಿಗೆ ಹಾರ್ಕ್ಸ್ ಇಲ್ಲದಿದ್ದುದೊಂದೇ ಕಾರಣವಲ್ಲ, ಆದರೆ ಆಯ್ಕೆಯ ಮೇಲೆ ಆಟಗಾರರಿಗೇ ನಂಬಿಕೆ ಹೋದ ತಂಡ ಹೇಗೆ ಆಡುತ್ತದೆ ಎಂಬುದಕ್ಕೆ 1998 ಅಮೆರಿಕಕ್ಕೆ ಸಿಕ್ಕ ಅತ್ಯಂತ ಕಹಿ ಉದಾಹರಣೆ.

ಮುಂದಿನ ಕೋಚ್ ಬ್ರೂಸ್ ಅರೀನಾ 2002ರಲ್ಲಿ ಆ ನಂಬಿಕೆಯನ್ನು ಮರಳಿ ಕಟ್ಟಿದರು. ಲ್ಯಾಂಡನ್ ಡೊನೊವನ್ ಮತ್ತು ಡಮಾರ್ಕಸ್ ಬೀಸ್ಲಿ ಎಂಬ ಇಪ್ಪತ್ತರ ಹರೆಯದ ಇಬ್ಬರನ್ನು ಹಳಬರ ಪಕ್ಕದಲ್ಲಿ ನಿಲ್ಲಿಸಿದರು. ಪೋರ್ಚುಗಲ್ ಮತ್ತು ಮೆಕ್ಸಿಕೊ ಎರಡನ್ನೂ ಮಣಿಸಿದ ತಂಡ ಕ್ವಾರ್ಟರ್‌ಫೈನಲ್‌ನಲ್ಲಿ ಜರ್ಮನಿಗೆ 1–0ಯಿಂದ ಸೋತಿತು. ಆ ಎತ್ತರವನ್ನು ಪುರುಷರ ತಂಡ ನಂತರದ ಐದು ವಿಶ್ವಕಪ್‌ಗಳಲ್ಲಿ ಮತ್ತೆ ಮುಟ್ಟಲಿಲ್ಲ. 2006ರಲ್ಲಿ ಅದೇ ಅರೀನಾ, ಹಿಂದಿನ ವರ್ಷ ಮೇಜರ್ ಲೀಗ್ ಸಾಕರ್‌ನ ಅತ್ಯುತ್ತಮ ಆಟಗಾರನೂ ಅತಿ ಹೆಚ್ಚು ಗೋಲು ಹೊಡೆದವನೂ ಆಗಿದ್ದ ಟೇಲರ್ ಟ್ವೆಲ್‌ಮನ್‌ರನ್ನು ಬಿಟ್ಟು ಬ್ರಯಾನ್ ಚಿಂಗ್‌ರನ್ನು ಕರೆದೊಯ್ದರು. ತಂಡ ಗುಂಪಿನಲ್ಲೇ ಹೊರಬಿತ್ತು.

ಫಾರ್ಮ್‌ನ ಮಾತಿಗೆ 2010ಕ್ಕಿಂತ ಒಳ್ಳೆಯ ಪಾಠ ಇಲ್ಲ. 2009ರ ಕಾನ್ಫೆಡರೇಷನ್ಸ್ ಕಪ್‌ನಲ್ಲಿ ಸ್ಪೇನ್ ತಂಡವನ್ನು 2–0ಯಿಂದ ಸೋಲಿಸಿದಾಗ ಅಮೆರಿಕದ ಮುಂಚೂಣಿಯಲ್ಲಿ ಆಲ್ಟಿಡೋರ್ ಮತ್ತು ಚಾರ್ಲಿ ಡೇವೀಸ್ ಜೋಡಿ ಇತ್ತು. ಡೇವೀಸ್ ಓಡಿ ಓಡಿ ರಕ್ಷಣಾ ಸಾಲನ್ನು ಹಿಂದಕ್ಕೆ ತಳ್ಳುತ್ತಿದ್ದರು, ಆ ಖಾಲಿ ಜಾಗದಲ್ಲಿ ಉಳಿದವರು ಆಡುತ್ತಿದ್ದರು. ಆ ವರ್ಷದ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ಬಳಿ ನಡೆದ ಕಾರು ಅಪಘಾತದಲ್ಲಿ ಡೇವೀಸ್ ಸಾವಿನಂಚಿಗೆ ಹೋಗಿ ಬಂದರು, ವಿಶ್ವಕಪ್ ಹೊತ್ತಿಗೆ ಚೇತರಿಸಿಕೊಳ್ಳಲಾಗಲಿಲ್ಲ. ಅವರ ಜಾಗ ತುಂಬಲು ಕೋಚ್ ಬಾಬ್ ಬ್ರಾಡ್ಲಿ ಆಗ ಬಿಸಿಯಾಗಿದ್ದವರನ್ನು ಆರಿಸಿದರು. ಹರ್ಕ್ಯುಲಿಸ್ ಗೋಮೆಜ್ ಮೆಕ್ಸಿಕೊದ ಪುಯೆಬ್ಲಾ ಪರ ಹತ್ತು ಗೋಲು ಹೊಡೆದು ಅಲ್ಲಿನ ಲೀಗ್‌ನ ಅಗ್ರ ಗೋಲುಗಾರರ ಪೈಕಿ ಒಬ್ಬರಾಗಿದ್ದರು. ಎಡ್ಸನ್ ಬಡಲ್ ಲಾಸ್ ಏಂಜಲೀಸ್ ಗ್ಯಾಲಕ್ಸಿ ಪರ ಋತುವಿನ ಆರಂಭದಲ್ಲೇ ಗೋಲುಗಳ ಸುರಿಮಳೆಗೈದಿದ್ದರು, ವಿಶ್ವಕಪ್‌ಗೆ ಮುಂಚಿನ ಕಡೆಯ ಸೌಹಾರ್ದ ಪಂದ್ಯದಲ್ಲಿ ಆಸ್ಟ್ರೇಲಿಯಾ ವಿರುದ್ಧವೂ ಎರಡು ಹೊಡೆದರು. ಆ ಆಯ್ಕೆಗಳನ್ನು ಅಂದು ಎಲ್ಲರೂ ಮೆಚ್ಚಿದರು. ದಕ್ಷಿಣ ಆಫ್ರಿಕಾದಲ್ಲಿ ಅಮೆರಿಕದ ಐದು ಗೋಲುಗಳೂ ಡೊನೊವನ್, ಕ್ಲಿಂಟ್ ಡೆಂಪ್ಸಿ, ಮೈಕಲ್ ಬ್ರಾಡ್ಲಿ ಇವರಿಂದ ಬಂದವು. ಗೋಮೆಜ್, ಬಡಲ್, ಆಲ್ಟಿಡೋರ್, ರಾಬಿ ಫಿಂಡ್ಲಿ ಎಂಬ ನಾಲ್ವರು ಸ್ಟ್ರೈಕರ್‌ಗಳಲ್ಲಿ ಒಬ್ಬರೂ ಗೋಲು ಹೊಡೆಯಲಿಲ್ಲ.

ಹಾಗಿದ್ದರೂ ಒಂದು ದೃಶ್ಯವನ್ನು ಹತ್ತಿರದಿಂದ ನೋಡಬೇಕು. ಅಲ್ಜೀರಿಯಾ ವಿರುದ್ಧ, ಪೂರ್ಣಾವಧಿ ಮುಗಿದ ಮೇಲಿನ ಹೆಚ್ಚುವರಿ ನಿಮಿಷದಲ್ಲಿ, ಗೋಲ್‌ಕೀಪರ್ ಟಿಮ್ ಹೋವರ್ಡ್ ಚೆಂಡನ್ನು ಕೈಯಿಂದ ಬೀಸಿ ಎಸೆಯುತ್ತಾರೆ. ಡೊನೊವನ್ ಅದನ್ನು ಹಿಡಿದು ಮೈದಾನದುದ್ದ ಓಡಿ ಬಲಕ್ಕೆ ಆಲ್ಟಿಡೋರ್‌ಗೆ ದಾಟಿಸುತ್ತಾರೆ. ಆಲ್ಟಿಡೋರ್ ಒಳಕ್ಕೆ ತಳ್ಳಿದ ಚೆಂಡನ್ನು ಡೆಂಪ್ಸಿ ಹೊಡೆದಾಗ ಗೋಲ್‌ಕೀಪರ್ ತಡೆಯುತ್ತಾರೆ, ಪುಟಿದ ಚೆಂಡನ್ನು ಡೊನೊವನ್ ಬಲೆಗೆ ಸೇರಿಸುತ್ತಾರೆ. ಇಡೀ ಋತುವಿನಲ್ಲಿ ಲೀಗ್‌ನಲ್ಲಿ ಒಂದೇ ಗೋಲು ಹೊಡೆದಿದ್ದವನು ಆ ಗಳಿಗೆಯಲ್ಲಿ ಎಲ್ಲಿರಬೇಕೋ ಅಲ್ಲೇ ಇದ್ದ. ಸ್ಟ್ರೈಕರ್‌ನ ಲಯವನ್ನು ಗೋಲಿನ ಲೆಕ್ಕದಿಂದ ಮಾತ್ರ ಅಳೆಯುವವರಿಗೆ ಈ ಓಟ ಕಾಣುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ತಂಡದಲ್ಲಿ ಯಾವ ಕೆಲಸಕ್ಕೆ ಆಳು ಬೇಕೆಂದು ಮೊದಲು ತೀರ್ಮಾನಿಸಿ, ಆಮೇಲೆ ಆ ಕೆಲಸವನ್ನು ಸದ್ಯ ಯಾರು ಚೆನ್ನಾಗಿ ಮಾಡುತ್ತಿದ್ದಾರೆ ಎಂದು ನೋಡಿದರೆ ಮಾತ್ರ ಫಾರ್ಮ್‌ಗೆ ಅರ್ಥವಿರುತ್ತದೆ.

2014ರಲ್ಲಿ ಈ ಪ್ರಶ್ನೆ ಡೊನೊವನ್ ಅವರನ್ನೇ ಹುಡುಕಿಕೊಂಡು ಬಂತು. ಹಿಂದಿನ ವರ್ಷದ ಆರಂಭದಲ್ಲಿ ಅವರು ದಣಿವಿನಿಂದ ಆಟಕ್ಕೆ ಬಿಡುವು ಕೊಟ್ಟು, ಕಾಂಬೋಡಿಯಾ ಸುತ್ತಿ ಬಂದಿದ್ದರು. ಆ ಬಿಡುವು ಕೋಚ್ ಯೂರ್ಗೆನ್ ಕ್ಲಿನ್ಸ್‌ಮನ್‌ಗೆ ಹಿಡಿಸಲಿಲ್ಲ ಎಂಬುದು ಆಗಲೇ ಗುಟ್ಟಾಗಿ ಉಳಿದಿರಲಿಲ್ಲ. 2013ರ ಬೇಸಿಗೆಯಲ್ಲಿ, ಉತ್ತರ ಹಾಗೂ ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ದೇಶಗಳ ಟೂರ್ನಿಯಾದ ಗೋಲ್ಡ್ ಕಪ್‌ನಲ್ಲಿ, ಡೊನೊವನ್ ಐದು ಗೋಲು ಹೊಡೆದು ಟೂರ್ನಿಯ ಅತ್ಯುತ್ತಮ ಆಟಗಾರನಾದರು. ಆದರೆ 2014ರ ಲೀಗ್ ಋತುವಿನ ಮೊದಲ ವಾರಗಳಲ್ಲಿ ಅವರಿಂದ ಗೋಲೇ ಬರಲಿಲ್ಲ. ಮೇ 22ರಂದು, ಸ್ಟ್ಯಾನ್‌ಫರ್ಡ್‌ನ ಶಿಬಿರದಲ್ಲಿದ್ದ 30 ಮಂದಿಯಿಂದ 23ರ ಪಟ್ಟಿ ಹೊರಬಿದ್ದಾಗ, ದೇಶದ ಪರ ದಾಖಲೆಯ 57 ಗೋಲು ಹೊಡೆದಿದ್ದವರ ಹೆಸರು ಅದರಲ್ಲಿ ಇರಲಿಲ್ಲ. ಸದ್ಯಕ್ಕೆ ಬೇರೆಯವರು ಅವರಿಗಿಂತ ಸ್ವಲ್ಪ ಮುಂದಿದ್ದಾರೆ ಎಂಬುದು ಕ್ಲಿನ್ಸ್‌ಮನ್ ಕೊಟ್ಟ ವಿವರಣೆಯ ಸಾರ. ಮೂರು ದಿನಗಳ ನಂತರ ಡೊನೊವನ್ ಫಿಲಡೆಲ್ಫಿಯಾ ವಿರುದ್ಧ ಎರಡು ಗೋಲು ಹೊಡೆದು ಮೇಜರ್ ಲೀಗ್ ಸಾಕರ್‌ನ ಸಾರ್ವಕಾಲಿಕ ಗೋಲು ದಾಖಲೆಯನ್ನು ಮುರಿದರು.

ಫಾರ್ಮ್ ಎಂಬ ಕಾರಣವನ್ನು ಒಪ್ಪಬೇಕಾದರೆ ಅದು ಎಲ್ಲರಿಗೂ ಒಂದೇ ಆಗಿರಬೇಕಿತ್ತು. ಬಾಯರ್ನ್ ಮ್ಯೂನಿಕ್‌ನ ಮೊದಲ ತಂಡದ ಪರ ಒಂದೇ ಅಧಿಕೃತ ಪಂದ್ಯದಲ್ಲಿ, ಅದೂ ಕೊನೆಯ ಕೆಲವೇ ನಿಮಿಷ, ಆಡಿದ್ದ 18 ವರ್ಷದ ಜೂಲಿಯನ್ ಗ್ರೀನ್ ಅದೇ ಪಟ್ಟಿಯಲ್ಲಿದ್ದರು. ಡೊನೊವನ್ ಬೆಂಬಲಿಗರ ಸಿಟ್ಟು ನ್ಯಾಯವಾದದ್ದೇ. ಆದರೆ ಬೆಲ್ಜಿಯಂ ವಿರುದ್ಧದ ನಾಕೌಟ್ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ, ಒಳಗೆ ಬಂದ ಕೆಲವೇ ಕ್ಷಣಗಳಲ್ಲಿ, ಅಮೆರಿಕದ ಏಕೈಕ ಗೋಲು ಹೊಡೆದವನೂ ಅದೇ ಗ್ರೀನ್. ಅದಕ್ಕೆ ಮುನ್ನ, ನಿಗದಿತ ಅವಧಿಯ ಕಡೆಯ ಕ್ಷಣಗಳಲ್ಲಿ, ಗೋಲಿನೆದುರೇ ಸಿಕ್ಕ ಚೆಂಡನ್ನು ಮೇಲಕ್ಕೆ ಹೊಡೆದವರು ತವರಿನ ಲೀಗ್‌ನಲ್ಲಿ 2012ರಲ್ಲಿ 27 ಗೋಲು ಹೊಡೆದಿದ್ದ ಕ್ರಿಸ್ ವಾಂಡೊಲೋವ್ಸ್ಕಿ. ಕ್ಲಿನ್ಸ್‌ಮನ್ ಅವರ ನಿಜವಾದ ತಪ್ಪು ಇವರಿಬ್ಬರಲ್ಲಿ ಇರಲಿಲ್ಲ. ಮೊದಲ ಪಂದ್ಯದ 23ನೇ ನಿಮಿಷದಲ್ಲಿ ಆಲ್ಟಿಡೋರ್ ತೊಡೆಯ ಸ್ನಾಯು ಹಿಡಿದುಕೊಂಡು ಕುಸಿದಾಗ, ಒಬ್ಬಂಟಿಯಾಗಿ ಮುಂದೆ ನಿಂತು ಚೆಂಡನ್ನು ಹಿಡಿದಿಡಬಲ್ಲ ಅಂಥದೇ ಇನ್ನೊಬ್ಬ ಆಟಗಾರ ಆ 23ರಲ್ಲಿ ಇರಲಿಲ್ಲ. ಆ ಕೆಲಸವನ್ನು ಡೆಂಪ್ಸಿ ತಮ್ಮ ಸ್ವಭಾವಕ್ಕೆ ವಿರುದ್ಧವಾಗಿ ಮಾಡಬೇಕಾಯಿತು.

2017ರ ಅಕ್ಟೋಬರ್ 10ರಂದು ಟ್ರಿನಿಡಾಡ್‌ನ ಕೂವಾದಲ್ಲಿ 2–1ರಿಂದ ಸೋತು 2018ರ ವಿಶ್ವಕಪ್ ಅವಕಾಶ ಕಳೆದುಕೊಂಡ ಮೇಲೆ ಒಂದಿಡೀ ತಲೆಮಾರು ಬದಲಾಯಿತು. 2022ರ ಕತಾರ್ ವಿಶ್ವಕಪ್‌ಗೆ ಕೋಚ್ ಗ್ರೆಗ್ ಬರ್ಹಾಲ್ಟರ್ ಆರಿಸಿದ 26ರಲ್ಲಿ ದೊಡ್ಡ ಗಲಾಟೆ ಎದ್ದದ್ದು ಸ್ಟ್ರೈಕರ್‌ಗಳ ಮೇಲೆ. ಸ್ವಿಸ್ ಲೀಗ್‌ನಲ್ಲಿ 22 ಗೋಲು ಹೊಡೆದು ಬಂದಿದ್ದ ಜಾರ್ಡನ್ ಪೆಫೊಕ್ ಹೊರಗೆ. ಅರ್ಹತಾ ಸುತ್ತಿನಲ್ಲಿ ತಂಡವನ್ನು ಎತ್ತಿ ಹಿಡಿದು, ಆಮೇಲೆ ಆಗ್ಸ್‌ಬುರ್ಗ್‌ನಲ್ಲಿ ಗೋಲಿಲ್ಲದೆ ಬಳಲಿ, ಗ್ರೊನಿಂಗನ್‌ನಲ್ಲಿ ಮತ್ತೆ ಚಿಗುರಿದ್ದ ರಿಕಾರ್ಡೊ ಪೆಪಿಯೂ ಹೊರಗೆ. ಒಳಗೆ ಬಂದ ಜಾಶ್ ಸಾರ್ಜೆಂಟ್, ಹೆಸೂಸ್ ಫೆರೇರಾ, ಹಾಜಿ ರೈಟ್ ಮೂವರಿಂದ ನಾಲ್ಕು ಪಂದ್ಯಗಳಲ್ಲಿ ಬಂದದ್ದು ನೆದರ್‌ಲ್ಯಾಂಡ್ಸ್ ವಿರುದ್ಧ ರೈಟ್ ಅವರ ಕಾಲಿಗೆ ತಗುಲಿ ಒಳಹೋದ ಒಂದೇ ಗೋಲು.

ಈ ಗಲಾಟೆಯಲ್ಲಿ ಮರೆಯಾದದ್ದು ಟಿಮ್ ರೀಮ್ ಅವರ ಆಯ್ಕೆ, ಅಮೆರಿಕದ ವಿಶ್ವಕಪ್ ಪಟ್ಟಿಗಳಲ್ಲಿ ನನಗೆ ಅತ್ಯಂತ ಸರಿಯೆನಿಸಿದ ಆಯ್ಕೆ. 35 ವರ್ಷದ ರೀಮ್ ಒಂದು ವರ್ಷಕ್ಕೂ ಹೆಚ್ಚು ಕಾಲ ದೇಶದ ಪರ ಆಡಿರಲಿಲ್ಲ, ವಯಸ್ಸಾಯಿತೆಂದು ಎಲ್ಲರೂ ಕೈಬಿಟ್ಟಿದ್ದರು. ಆ ಮೇ ತಿಂಗಳಲ್ಲಿ ರಕ್ಷಣಾ ಆಟಗಾರ ಮೈಲ್ಸ್ ರಾಬಿನ್ಸನ್ ಅವರ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ರಕ್ಷಣೆಯ ಮಧ್ಯದಲ್ಲಿ ಎಡಗಾಲಿನಿಂದ ಶಾಂತವಾಗಿ ಚೆಂಡು ದಾಟಿಸಬಲ್ಲವರ ಕೊರತೆ ಕಂಡಿತು. ಪ್ರೀಮಿಯರ್ ಲೀಗ್‌ನಲ್ಲಿ ಫುಲ್‌ಹ್ಯಾಮ್ ಪರ ವಾರವಾರವೂ ಅದೇ ಕೆಲಸ ಮಾಡುತ್ತಿದ್ದ ರೀಮ್‌ರನ್ನು ಬರ್ಹಾಲ್ಟರ್ ಕರೆದರು. ಅವರು ನಾಲ್ಕೂ ಪಂದ್ಯಗಳನ್ನು ಆರಂಭದಿಂದ ಆಡಿದರು. ಗುಂಪಿನ ಮೂರು ಪಂದ್ಯಗಳಲ್ಲಿ ತಂಡ ಬಿಟ್ಟುಕೊಟ್ಟದ್ದು ವೇಲ್ಸ್‌ನ ಗ್ಯಾರೆತ್ ಬೇಲ್ ಹೊಡೆದ ಒಂದು ಪೆನಾಲ್ಟಿ ಮಾತ್ರ.

2024ರ ಕೋಪಾ ಅಮೆರಿಕದಲ್ಲಿ ಗುಂಪಿನಲ್ಲೇ ಹೊರಬಿದ್ದ ಮೇಲೆ ಬರ್ಹಾಲ್ಟರ್ ಹೋಗಿ ಪೊಚೆಟ್ಟಿನೊ ಬಂದರು. ಆತಿಥೇಯ ದೇಶಕ್ಕೆ ಅರ್ಹತಾ ಪಂದ್ಯಗಳಿಲ್ಲವಾದ್ದರಿಂದ ಅವರ ಸ್ಥಿತಿ 1994ರ ಮಿಲುಟಿನೊವಿಚ್‌ರಂತೆಯೇ ಇತ್ತು, ಆದರೆ ಕಾಯಂ ಶಿಬಿರದ ಸೌಲಭ್ಯ ಇರಲಿಲ್ಲ. ಆಟಗಾರರೆಲ್ಲ ಕ್ಲಬ್ಬುಗಳ ಸೊತ್ತು. ಫಿಫಾ ನಿಗದಿಪಡಿಸಿದ ಕೆಲವೇ ದಿನಗಳಲ್ಲಿ ಸಿಗುತ್ತಾರೆ. 2025ರ ಗೋಲ್ಡ್ ಕಪ್‌ಗೆ, ಮಿಲಾನ್‌ನಲ್ಲಿ ಆ ಋತು ಎಲ್ಲ ಟೂರ್ನಿಗಳಲ್ಲಿ 17 ಗೋಲು ಹೊಡೆದು ದಣಿದಿದ್ದ ಕ್ರಿಶ್ಚಿಯನ್ ಪುಲಿಸಿಕ್ ವಿಶ್ರಾಂತಿ ಕೇಳಿದರು. ಮುಂಚಿನ ಎರಡು ಸೌಹಾರ್ದ ಪಂದ್ಯಗಳನ್ನಷ್ಟೇ ಆಡುತ್ತೇನೆಂಬ ಅವರ ಮಾತಿಗೆ ಕೋಚ್ ಒಪ್ಪಲಿಲ್ಲ. ಪುಲಿಸಿಕ್ ಇಲ್ಲದ ಆ ತಂಡ ಫೈನಲ್ ತಲುಪಿ ಮೆಕ್ಸಿಕೊಗೆ 2–1ರಿಂದ ಸೋತಿತಾದರೂ ಪಟ್ಟಿಯ ಲೆಕ್ಕಾಚಾರ ಬದಲಾಯಿತು. ಕತಾರ್‌ನಲ್ಲಿ ಗೋಲು ಕಾಯ್ದ ಮ್ಯಾಟ್ ಟರ್ನರ್ ಇಂಗ್ಲೆಂಡಿನ ಕ್ಲಬ್ಬುಗಳ ಬೆಂಚಿನ ಮೇಲೆ ಕಾಲ ಕಳೆದಿದ್ದರು. ನ್ಯೂಯಾರ್ಕ್ ಸಿಟಿ ಪರ ತವರಿನಲ್ಲಿ ನಿತ್ಯ ಆಡುತ್ತಿದ್ದ ಮ್ಯಾಟ್ ಫ್ರೀಸ್ ಕೋಸ್ಟರಿಕಾ ವಿರುದ್ಧದ ಶೂಟೌಟ್‌ನಲ್ಲಿ ಮೂರು ಪೆನಾಲ್ಟಿ ತಡೆದು ಆ ಜಾಗ ಹಿಡಿದರು.

ಆದರೆ ಪೊಚೆಟ್ಟಿನೊ ಕೂಡ ಆಡುವವರಿಗೇ ಅವಕಾಶ ಎಂಬ ನಿಯಮವನ್ನು ಎಲ್ಲ ಜಾಗಕ್ಕೂ ಅನ್ವಯಿಸಲಿಲ್ಲ. ಮೊನ್‌ಷನ್‌ಗ್ಲಾಡ್‌ಬಾಖ್‌ನಲ್ಲಿ ಹೆಚ್ಚು ಹೊತ್ತು ಬೆಂಚಿನಲ್ಲೇ ಇದ್ದ ಜಿಯೊ ರೇನಾರನ್ನು 2025ರ ನವೆಂಬರ್‌ನಲ್ಲಿ ಕರೆದರು. ಪರಾಗ್ವೆ ವಿರುದ್ಧ ನಾಲ್ಕನೇ ನಿಮಿಷದಲ್ಲೇ ರೇನಾ ಗೋಲು ಹೊಡೆದರು. ನಾರ್ವಿಚ್ ಪರ 2024–25ರಲ್ಲಿ 15 ಲೀಗ್ ಗೋಲು ಹೊಡೆದ ಸಾರ್ಜೆಂಟ್ ಮಾತ್ರ, ದೇಶದ ಪರ 2019ರಿಂದ ಗೋಲಿಲ್ಲದೆ, ಆ ಶರತ್ಕಾಲದಲ್ಲಿ ಪಟ್ಟಿಯಿಂದ ಜಾರಿದರು. ಸ್ಟ್ರೈಕರ್ ಜಾಗದಲ್ಲಿ ಮೊನಾಕೊದ ಫೊಲಾರಿನ್ ಬಾಲೊಗನ್ ಜಪಾನ್, ಈಕ್ವೆಡಾರ್, ಪರಾಗ್ವೆ ವಿರುದ್ಧ ಗೋಲು ಹೊಡೆದು ಮುಂದೆ ಬಂದರೆ, ಆಸ್ಟ್ರೇಲಿಯಾ ವಿರುದ್ಧ ಎರಡು ಹೊಡೆದ ಹಾಜಿ ರೈಟ್ ಮತ್ತು ಕತಾರ್ ಅವಕಾಶ ಕೈತಪ್ಪಿದ್ದ ಪೆಪಿ ಇಬ್ಬರೂ ಬಾಲೊಗನ್ ಹಿಂದೆಯೇ ಇದ್ದರು. ಪುಲಿಸಿಕ್‌ಗೆ 2025ರಲ್ಲಿ ದೇಶದ ಪರ ಒಂದೂ ಗೋಲು ಸಿಗಲಿಲ್ಲ, ಆದರೂ ಅವರಿಲ್ಲದ ಪಟ್ಟಿಯನ್ನು ಯಾರೂ ಊಹಿಸಲಿಲ್ಲ. ಆ ಡಿಸೆಂಬರ್ 5ರಂದು ವಾಷಿಂಗ್ಟನ್‌ನಲ್ಲಿ ವಿಶ್ವಕಪ್ ಗುಂಪುಗಳ ಚೀಟಿ ಎತ್ತಿದಾಗ, 2026ರ ಜೂನ್ 12ರಂದು ಲಾಸ್ ಏಂಜಲೀಸ್‌ನಲ್ಲಿ ನಡೆಯುವ ಅಮೆರಿಕದ ಮೊದಲ ಪಂದ್ಯಕ್ಕೆ ಎದುರಾಳಿಯಾಗಿ ಬಂದದ್ದು ಅದೇ ಪರಾಗ್ವೆ. ಬಾಲೊಗನ್ ಗಾಯಗೊಂಡರೆ ಒಂಟಿಯಾಗಿ ಮುಂದೆ ನಿಂತು ಅದೇ ಕೆಲಸ ಮಾಡುವವರು ಯಾರು ಎಂಬುದನ್ನು ಪೊಚೆಟ್ಟಿನೊ ಅಷ್ಟರೊಳಗೆ ತೀರ್ಮಾನಿಸಿರಬೇಕು.